ನಗುವಿಗೆ ಮುಂಚಿನ ಕತ್ತರಿ

ಪುಟ್ಟಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವಳ ಅಮ್ಮ ಕಂಡಕಂಡವರಿಗೆಲ್ಲ ಹೇಳುವುದುಂಟು. ಶುದ್ಧ ಸುಳ್ಳು. ಮನೆಯಲ್ಲಿ ಇನ್ನೂ ಪುಟ್ಟಿ ಎಂದೇ ಕರೆಸಿಕೊಳ್ಳುವ ಈ ನಡುವಯಸ್ಸಿನ ಹೆಂಗಸು ವಿದ್ಯುತ್ ಕಚೇರಿಯ ದೂರಿನ ಕೌಂಟರಿನಲ್ಲಿ ಕೂತು ದಿನವಿಡೀ ಊರವರ ಬೈಗುಳ ತಿನ್ನುವವಳು. ಮೂಗಿನ ತುದಿಯಲ್ಲಿ ಸಿಟ್ಟಿದ್ದಿದ್ದರೆ ಕೆಲಸ ಎಂದೋ ಹೋಗಿರುತ್ತಿತ್ತು. 'ನೋಡ್ತೀವಿ', 'ಮೇಲಿನವರಿಗೆ ತಿಳಿಸಿದ್ದೀವಿ' ಅಂತ ಬಂದವರನ್ನು ನಯವಾಗಿ ಸಾಗಹಾಕುವುದರಲ್ಲಿ ಅವಳದು ಎತ್ತಿದ ಕೈ. ಅಂಥವಳ ಪಿತ್ತ ನೆತ್ತಿಗೇರಿದ್ದು ಆ ಶನಿವಾರ, ಅಪ್ಪನ ಅಂಗಡಿಯಲ್ಲಿ.

ಅಪ್ಪ ಬೀಗ ರಿಪೇರಿಯವನು. ಬೀದಿಯವರಿಗೆ ಬೀಗದಣ್ಣ. ಮನೆಯ ಎದುರಿಗೇ ಗೂಡಿನಂಥ ಅಂಗಡಿ, ಅದರಲ್ಲಿ ಕೀ ಕೊರೆಯುವ ಯಂತ್ರ, ಹಿಂದಿನ ಗೋಡೆಯ ಮೇಲೆ ಸಾಲುಸಾಲು ಮೊಳೆ. ಒಂದೊಂದು ಮೊಳೆಯಲ್ಲೂ ಬೀದಿಯ ಒಂದೊಂದು ಮನೆಯ ಇನ್ನೊಂದು ಕೀ. ಯಾರೋ ಕೀ ಕಳೆದುಕೊಂಡರು, ಯಾರದೋ ಮನೆಯ ಮುದುಕಿ ಒಳಗಿನಿಂದ ಚಿಲಕ ಹಾಕಿಕೊಂಡು ಬಿದ್ದಳು, ಎಲ್ಲದಕ್ಕೂ ಬೀಗದಣ್ಣ ಇದ್ದಾನಲ್ಲ ಎಂಬ ಧೈರ್ಯ ಜನಕ್ಕೆ. ಇಷ್ಟು ವರ್ಷದಲ್ಲಿ ಯಾರ ಮನೆಯಲ್ಲೂ ಒಂದು ಸೂಜಿ ಕಳೆದದ್ದಿಲ್ಲ.

ಆ ಶನಿವಾರ ಅವಳು ಹೋದಾಗ ಕನ್ನಡಕದ ಅಂಗಡಿಯವನು ಬಾಗಿಲಲ್ಲಿ ನಿಂತು ಹಲ್ಲು ಕಿರಿಯುತ್ತಿದ್ದ. “ಏನಿಲ್ಲ ಅಣ್ಣ, ಭಾವಮೈದುನ ಬಂದಿದ್ದಾನೆ, ಅವನಿಗೊಂದು ಕೀ ಬೇಕಾಗಿತ್ತು. ಇಲ್ಲಿರೋದನ್ನೇ ಕೊಟ್ಬಿಡಿ.” ಅಪ್ಪ ಮೊಳೆಯಿಂದ ಕೀ ತೆಗೆದುಕೊಟ್ಟ. ಅವನ ಹಿಂದೆಯೇ ಇಸ್ತ್ರಿ ಅಂಗಡಿಯವಳು ಬಂದಳು. ಅವಳಿಗೂ ಯಾರೋ ನೆಂಟರು ಬಂದಿದ್ದರಂತೆ. ಪುಟ್ಟಿ ಗೋಡೆಯ ಕಡೆ ನೋಡಿದಳು. ಅರ್ಧಕ್ಕರ್ಧ ಮೊಳೆ ಬೋಳಾಗಿದ್ದವು.

“ಏನಪ್ಪಾ ಇದು? ಇಡೀ ಬೀದಿಗೆ ಒಂದೇ ಸಲ ನೆಂಟರು ಬಂದ್ರಾ?”

“ಬಿಡು ಪುಟ್ಟಿ. ಅವರ ಕೀ, ಅವರು ತಗೊಂಡು ಹೋಗ್ತಾರೆ” ಎಂದ ಅಪ್ಪ. ಹಾಗೆಂದವನು ಯಂತ್ರದ ಮೇಲಿನ ಪುಡಿಯನ್ನು ಒರೆಸಿದ್ದೇ ಒರೆಸಿದ್ದು. ಅಂದು ಅಲ್ಲಿ ಕೊರೆಯಲು ಒಂದು ಕೀ ಕೂಡ ಇರಲಿಲ್ಲ.

ಕಾರಣ ಎಲ್ಲರಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳುವವರು ಮಾತ್ರ ಯಾರೂ ಇರಲಿಲ್ಲ. ಹಿಂದಿನ ವರ್ಷ ಬೀದಿಗೆ ಒಂದು ಸಿನಿಮಾ ತಂಡ ಬಂದಿತ್ತು. ಗೂಢಚಾರನ ಕಥೆಯಂತೆ, ಭಾರಿ ಹೊಡೆದಾಟವಂತೆ. 'ನೀವು ನಿಮ್ಮ ಪಾಡಿಗೆ ಕೆಲಸ ಮಾಡ್ತಾ ಇರಿ, ನಾವು ದೂರದಿಂದ ತೆಗೀತೀವಿ' ಅಂದಿದ್ದರು. ಅಪ್ಪ ಆಗಲಿ ಎಂದು ತಲೆಯಾಡಿಸಿದ್ದ. ಕ್ಯಾಮೆರಾ ಎಲ್ಲಿದೆ ಎಂಬುದೂ ಅವನಿಗೆ ತಿಳಿಯಲಿಲ್ಲ. ಮೊಳದುದ್ದದ ಲೆನ್ಸ್ ಹಾಕಿಕೊಂಡು ಯಾವುದೋ ತಾರಸಿಯ ಮೇಲೆ ಕೂತಿದ್ದರಂತೆ. ಈಗ ಬಿಡುಗಡೆಗೆ ಮುಂಚೆ ಜನರ ಬಾಯಲ್ಲಿ ನೀರೂರಿಸಲು ಚಿತ್ರದ ಮೊದಲ ದೃಶ್ಯವನ್ನು ಎಲ್ಲರ ಫೋನಿಗೆ ಬಿಟ್ಟಿದ್ದರು.

ಶುರುವಾಗುವುದು ಕತ್ತಲೆಯಿಂದ. ಕತ್ತಲೆಯೊಳಗೆ ಯಾರದೋ ಉಸಿರು. ಆಮೇಲೆ ಪರದೆಯ ಮೂಲೆಯಲ್ಲಿ ಟಕಟಕ ಅಂತ ಅಕ್ಷರಗಳು ಬಿದ್ದು ಯಾವುದೋ ಶತ್ರುದೇಶದ ಊರಿನ ಹೆಸರು ಮೂಡುತ್ತದೆ. ನೋಡಿದರೆ, ಅಯ್ಯೋ, ನಮ್ಮದೇ ಬೀದಿ! ಆದರೆ ಎಂಥ ಬೀದಿ ಅಂತೀರಿ? ಕಾಮಾಲೆ ಬಡಿದ ಹಾಗೆ ಎಲ್ಲ ಹಳದಿ. ಕ್ಯಾಮೆರಾ ಕುಡಿದವನಂತೆ ತೂರಾಡುತ್ತದೆ. ನಾಯಕ ಮತ್ತು ಅವನ ಜೊತೆಗಾತಿ, ಇಬ್ಬರೂ ಗೂಢಚಾರರು, ಜನರ ನಡುವೆ ನುಸುಳಿ ಬರುತ್ತಾರೆ. ಮೂರನೇ ಮಹಡಿಯಿಂದ ಒಂದು ಕೈ ಹೊರಬಂದು ಕೆಂಪು ಟವೆಲ್ ಹರವುತ್ತದೆ. ಕೆಳಗೆ ಅಂಗಡಿಯೊಳಗಿನ ಮುದುಕ ನಿಧಾನಕ್ಕೆ, ಬಲು ನಿಧಾನಕ್ಕೆ ತಲೆಯೆತ್ತುತ್ತಾನೆ. ಪರದೆ ತುಂಬ ಅವನ ಕಣ್ಣು. ಸದ್ದೆಲ್ಲ ಅಡಗುತ್ತದೆ. ಮುದುಕ ಷಟರನ್ನು ಅರ್ಧಕ್ಕೆ ಎಳೆಯುತ್ತಾನೆ. ಢಂ! ಜೊತೆಗಾತಿಯ ಹೆಣ ನೆಲಕ್ಕೆ ಬೀಳುತ್ತದೆ. ಅಲ್ಲಿಂದ ಶುರು ನೋಡಿ ಓಟ, ತಾರಸಿಯಿಂದ ತಾರಸಿಗೆ ಹಾರಾಟ.

ಆ ಕೈ ಅಮ್ಮನದು. ಮುದುಕ ಅಪ್ಪ. ಯಂತ್ರದ ಗದ್ದಲದಲ್ಲಿ ಅಪ್ಪನಿಗೆ ಫೋನು ಕೇಳಿಸುವುದಿಲ್ಲ. ಅದಕ್ಕೇ ಅಡುಗೆಯಾದ ಮೇಲೆ ಅಮ್ಮ ಬಾಲ್ಕನಿಯಲ್ಲಿ ಕೆಂಪು ಟವೆಲ್ ಹರವುತ್ತಾಳೆ, ಅವನು ಷಟರ್ ಅರ್ಧ ಎಳೆದು ಮೇಲೆ ಬರುತ್ತಾನೆ. ಊಟಕ್ಕೆ ಬಾ ಎಂದು ಕರೆದದ್ದನ್ನು ಈ ಪುಣ್ಯಾತ್ಮರು ಕೊಲೆಯ ಸನ್ನೆ ಮಾಡಿಟ್ಟಿದ್ದರು!

ಮೊದಮೊದಲು ಮನೆಯಲ್ಲಿ ಸಂಭ್ರಮವೇ. “ನನ್ನ ಕೈ ಸಿನಿಮಾದಲ್ಲಿ ಬಂತು ಕಣೇ” ಅಂತ ಅಮ್ಮ ಸಿಕ್ಕವರಿಗೆಲ್ಲ ತೋರಿಸಿದಳು. “ಏನ್ ಬೀಗದಣ್ಣ, ಇವತ್ತು ಯಾರ ಕಥೆ ಮುಗಿಸಿದ್ರಿ?” ಎಂದು ಬೀದಿಯವರು ಕಿಚಾಯಿಸಿದರು, ಅಪ್ಪನೂ ನಕ್ಕ. ಬರಬರುತ್ತ ತಮಾಷೆ ತಣ್ಣಗಾಯಿತು. ಬಾಗಿಲು ತೆರೆದುಕೊಡಿ ಎಂದು ಬೇರೆ ಬೀದಿಗಳಿಂದ ಬರುತ್ತಿದ್ದ ಕರೆಗಳು ನಿಂತವು. ಒಂದು ಮನೆಯ ಹೆಂಗಸು ಅವನ ಮುಖ ಕಂಡವಳೇ “ಬೇಡ, ಯಜಮಾನ್ರು ಬರ್ಲಿ” ಎಂದು ಹೊಸ್ತಿಲಿನಿಂದಲೇ ಹಿಂದಕ್ಕೆ ಕಳಿಸಿದಳು. ಈಗ ಮೊಳೆಗಳ ಸರದಿ.

ಪುಟ್ಟಿಗೆ ಮೈಯೆಲ್ಲ ಉರಿಯಿತು. ಸೋಮವಾರ ರಜೆ ಹಾಕಿ ನೇರವಾಗಿ ಸಿನಿಮಾ ಕಂಪನಿಯ ಆಫೀಸಿಗೆ ನುಗ್ಗಿದಳು. ಮೇಜಿನ ಹಿಂದಿದ್ದ ಹುಡುಗಿ ಸಿಹಿಯಾಗಿ ನಕ್ಕು, “ಮೇಲಿನವರಿಗೆ ತಿಳಿಸ್ತೀವಿ ಮೇಡಂ” ಎಂದಳು.

“ಆ ಮಾತು ನಾನು ದಿನಾ ನೂರು ಸಲ ಹೇಳ್ತೀನಿ ಕಣಮ್ಮ” ಎಂದಳು ಪುಟ್ಟಿ. “ಮೇಲಿನವರಿಗೆ ಏನೂ ಹೋಗಲ್ಲ ಅಂತ ನಂಗೆ ಚೆನ್ನಾಗಿ ಗೊತ್ತು. ನಾನು ಇಲ್ಲೇ ಕೂತಿರ್ತೀನಿ. ಹೋಗು, ಕರಿ.”

ಮಧ್ಯಾಹ್ನದ ಹೊತ್ತಿಗೆ ಅವಳನ್ನು ಒಳಗೆ ಕರೆದರು. ಕಿಟಕಿಯಿಲ್ಲದ ಕೋಣೆ, ಮೈ ಕೊರೆಯುವ ಏಸಿ, ಗೋಡೆಯಗಲದ ಪರದೆ. ಶಾಲು ಹೊದ್ದು ಕೂತಿದ್ದವಳು ಎಡಿಟರ್. ಅವಳ ಹಿಂದೆ ಕುರ್ಚಿ ತಿರುಗಿಸುತ್ತಿದ್ದವನು ನಿರ್ದೇಶಕ. ಪುಟ್ಟಿ ಬೀಗದಣ್ಣನ ಮಗಳೆಂದು ತಿಳಿದದ್ದೇ ಅವನ ಮುಖ ಅರಳಿತು.

“ನಿಮ್ಮ ತಂದೇನಾ? ಅದ್ಭುತ ಕಣ್ರೀ! ಆ ಕಣ್ಣು! ಯಾವ ನಟನಿಂದಲೂ ಅದು ಬರಲ್ಲ.”

“ಆ ಕಣ್ಣಿನಿಂದ ನಮ್ಮಪ್ಪನ ಅನ್ನಕ್ಕೆ ಕಲ್ಲು ಬಿದ್ದಿದೆ. ಜನ ಅವರನ್ನ ಮನೆ ಒಳಗೆ ಬಿಡ್ತಿಲ್ಲ.”

“ನೋಡಿ, ಅವರು ಕೊಲೆಗಾರರ ಕಡೆಯವರು ಅಂತ ನಾವೆಲ್ಲಿ ಹೇಳಿದ್ದೀವಿ? ಒಂದೇ ಒಂದು ಮಾತು ತೋರಿಸಿ” ಎಂದು ಅವನು ಕೈ ಚೆಲ್ಲಿದ. “ನಿಮ್ಮ ತಾಯಿ ಟವೆಲ್ ಹಾಕಿದ್ದು ನಿಜ. ಅವರು ನೋಡಿದ್ದು ನಿಜ. ಷಟರ್ ಎಳೆದದ್ದೂ ನಿಜ. ನಾವು ಒಂದಾದ್ಮೇಲೆ ಒಂದು ಜೋಡಿಸಿದ್ವಿ, ಅಷ್ಟೆ. ಉಳಿದದ್ದು ನೋಡುವವರ ಮನಸ್ಸಿನಲ್ಲಿ ಆಗೋದು.”

ಅವನು ದೊಡ್ಡ ಪರದೆಯ ಮೇಲೆ ದೃಶ್ಯ ಹಾಕಿಸಿದ. ಫೋನಿನಲ್ಲಿ ನೋಡಿದ್ದೇ ಬೇರೆ, ಇಲ್ಲಿನದೇ ಬೇರೆ. ಆ ಉಸಿರು ಪುಟ್ಟಿಯ ಬೆನ್ನ ಹಿಂದಿನಿಂದಲೇ ಬಂದಂತಿತ್ತು. ಟವೆಲ್ ಬಿತ್ತು. ಮುದುಕ ತಲೆಯೆತ್ತಿದ. ಸದ್ದಡಗಿದ ಆ ಕೋಣೆಯಲ್ಲಿ ಆಳುದ್ದದ ಆ ಕಣ್ಣು ನೇರ ತನ್ನನ್ನೇ ನೋಡಿದಾಗ ಪುಟ್ಟಿ ಕುರ್ಚಿಯಲ್ಲಿ ಹಿಂದಕ್ಕೆ ಸರಿದಳು. ಯಾರಿವನು, ಏನು ಮಾಡಿಬಿಡುತ್ತಾನೋ ಎನ್ನಿಸಿತು. ಗುಂಡಿನ ಸದ್ದಿಗೆ ಬೆಚ್ಚಿ ಎಚ್ಚೆತ್ತರೆ, ತನ್ನನ್ನು ಎತ್ತಿ ಆಡಿಸಿದ ಅಪ್ಪ! ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

“ನಾನು ಅವರ ಸ್ವಂತ ಮಗಳು” ಎಂದಳು. “ನಂಗೇ ಅವರನ್ನ ನೋಡಿ ಹೆದರಿಕೆ ಆಯ್ತು.”

ನಿರ್ದೇಶಕ ಚಪ್ಪಾಳೆ ತಟ್ಟಿದ. “ಕೇಳಿದ್ಯಾ?” ಎಂದ ಎಡಿಟರಿಗೆ. “ಇದಕ್ಕಿಂತ ದೊಡ್ಡ ಮೆಚ್ಚುಗೆ ಬೇಕಾ ನಮಗೆ?”

“ಮೆಚ್ಚುಗೆ ಅಲ್ಲ ರೀ, ಅದು ದೂರು!” ಪುಟ್ಟಿ ಕುರ್ಚಿಯಿಂದ ಎದ್ದುನಿಂತಳು. “ಹೆತ್ತ ಮಗಳಿಗೆ ಅಪ್ಪನ ಕಂಡ್ರೆ ದಿಗಿಲು ಹುಟ್ಟಿಸಿ ಚಪ್ಪಾಳೆ ತಟ್ತೀರಲ್ಲ, ನಿಮಗೇನಾದ್ರೂ ಮಾನ ಮರ್ಯಾದೆ ಇದೆಯಾ? ಏನೇನು ಮಾಡಿದ್ರಿ ಆ ಮುಖಕ್ಕೆ? ಹೇಳಿ!”

ಹೇಳಿದ್ದು ಎಡಿಟರ್. ತಲೆ ತಗ್ಗಿಸಿಯೇ ಹೇಳಿದಳು. ಹಳದಿ ಆಮೇಲೆ ಬಳಿದದ್ದು. ವೇಗ ಅರ್ಧಕ್ಕೆ ಇಳಿಸಿದ್ದು, ನಿಧಾನ ಮಾಡಿದರೆ ಯಾರು ತಲೆಯೆತ್ತಿದರೂ ಹೊಂಚು ಹಾಕಿದಂತೆ ಕಾಣುತ್ತದೆ. ಬೀದಿಯ ಸದ್ದೆಲ್ಲ ತೆಗೆದು ಉಸಿರೊಂದನ್ನು ಇಟ್ಟದ್ದು. ಟವೆಲ್ ಆದ ಮೇಲೆ ಮುಖ, ಮುಖ ಆದ ಮೇಲೆ ಬಂದೂಕು ಜೋಡಿಸಿದ್ದು. “ಬಂದೂಕಿನ ಶಾಟ್ ತೆಗೆದದ್ದು ಬೇರೆ ಊರಲ್ಲಿ ಮೇಡಂ, ಆರು ತಿಂಗಳಾದ್ಮೇಲೆ.”

“ಅಪ್ಪನದು ಪೂರ್ತಿ ತೋರಿಸಿ. ಏನೂ ಬಳಿಯದೆ.”

ಎಡಿಟರ್ ನಿರ್ದೇಶಕನ ಮುಖವನ್ನೂ ನೋಡದೆ ಗುಂಡಿ ಒತ್ತಿದಳು. ಪರದೆಯ ಮೇಲೆ ಬೀದಿ ತನ್ನ ಬಣ್ಣಕ್ಕೆ ಮರಳಿತು. ಯಂತ್ರ ಕಿರ್ರೆನ್ನುತ್ತಿತ್ತು, ಯಾರೋ ಯಾರನ್ನೋ ಕೂಗುತ್ತಿದ್ದರು. ಅಪ್ಪ ತಲೆಯೆತ್ತಿದ, ಮೇಲಕ್ಕೆ ನೋಡಿದ, ಮುಖ ತುಂಬ ನಕ್ಕ. ನಕ್ಕು ಹೊಟ್ಟೆಯನ್ನು ಎರಡು ಸಲ ತಟ್ಟಿಕೊಂಡ, ಬಂದೆ ಅಂತ. ಕತ್ತರಿ ಬಿದ್ದದ್ದು ಸರಿಯಾಗಿ ಆ ನಗು ಹುಟ್ಟುವುದಕ್ಕೆ ಮುಂಚೆ.

“ಈ ನಗು ಎಲ್ಲಿ ಹೋಯ್ತು?”

“ನಗು ಇಟ್ರೆ ನನ್ನ ಸೀನ್ ಸತ್ತುಹೋಗುತ್ತೆ” ಎಂದ ನಿರ್ದೇಶಕ.

“ತೆಗೆದ್ರೆ ನಮ್ಮಪ್ಪ ಬದುಕಿದ್ದೂ ಸತ್ತ ಹಾಗೆ! ಬೀಗದ ಕೆಲಸ ರೀ ಅವರದು. ಜನ ಮನೆ ಕೀ ತಂದು ಕೈಗೆ ಕೊಡ್ಬೇಕು. ಆ ನಂಬಿಕೆ ಬಿಟ್ರೆ ಅಂಗಡೀಲಿ ಇರೋದು ತುಕ್ಕು ಹಿಡಿದ ಕಬ್ಬಿಣ. ನಿಮಗೆ ಸೀನ್ ಹೋದ್ರೆ ಇನ್ನೊಂದು ಸೀನ್ ಇದೆ. ಅವರಿಗೆ ಇನ್ನೊಂದು ಮುಖ ಎಲ್ಲಿಂದ ತರೋಣ?”

ಅಂದು ಅವನು ಜಪ್ಪಯ್ಯ ಅನ್ನಲಿಲ್ಲ. ಪುಟ್ಟಿಯೂ ಬಿಡಲಿಲ್ಲ. ಮರುದಿನವೂ ಹೋಗಿ ಕೂತಳು, ಅದರ ಮರುದಿನ ವಕೀಲರಾಗಿದ್ದ ಸೋದರಮಾವನನ್ನೂ ಪಕ್ಕದಲ್ಲಿ ಕೂರಿಸಿಕೊಂಡಳು. ಕೊನೆಗೆ ನಿರ್ದೇಶಕ, “ಆಯ್ತು ತಾಯಿ, ನಿಮ್ಮ ಸಹವಾಸ ಸಾಕು” ಎಂದು ಕೈ ಮುಗಿದ. ಅಪ್ಪನ ಮುಖ, ಅಮ್ಮನ ಕೈ ಎರಡನ್ನೂ ತೆಗೆದು ಬೇರೆ ನಟರನ್ನು ಹಾಕುವುದೆಂದಾಯಿತು. ಹೊರಡುವಾಗ ಎಡಿಟರ್ ಹಿಂದೆಯೇ ಬಂದು, ಬಣ್ಣ ಬಳಿಯದ ಆ ನಗುವನ್ನು ಪುಟ್ಟಿಯ ಫೋನಿಗೆ ಹಾಕಿಕೊಟ್ಟಳು.

ಪುಟ್ಟಿ ಗೆದ್ದ ಗತ್ತಿನಲ್ಲಿ ಮನೆಗೆ ಬಂದಳು. ಫೋನಿನಲ್ಲಿದ್ದ ಅಪ್ಪನ ನಗುವನ್ನು ನೋಡಿ ಅಮ್ಮ ಬಿದ್ದುಬಿದ್ದು ನಕ್ಕಳು. “ಹೊಟ್ಟೆ ತಟ್ಟೋದು ನೋಡು, ಹೊಟ್ಟೆಬಾಕ!” ಕೆಳಗಿನ ಮನೆಯ ಹೆಡ್‌ಮಿಸ್ಸೂ ಅಲ್ಲೇ ಇದ್ದರು. ಶಾಲೆಯಿಂದ ನಿವೃತ್ತಿಯಾದ ಮೇಲೆ ಬೀದಿಯನ್ನೇ ಶಾಲೆ ಮಾಡಿಕೊಂಡವರು, ಅಮ್ಮನ ಆಪ್ತ ಗೆಳತಿ. “ಥೂ, ನಾಚಿಕೆಯಾಗ್ಬೇಕು ಈ ಬೀದಿಯ ಜನಕ್ಕೆ” ಎಂದು ಕಣ್ಣೊರೆಸಿಕೊಂಡು ಕೆಳಗಿಳಿದರು.

“ಅಪ್ಪಾ, ಇದನ್ನ ಈಗಲೇ ಬೀದಿಯವರಿಗೆಲ್ಲ ಕಳಿಸ್ತೀನಿ. ನೋಡ್ಲಿ!” ಎಂದಳು ಪುಟ್ಟಿ.

“ಬೇಡ.”

ಅಪ್ಪನ ಧ್ವನಿ ಎಂದೂ ಹಾಗಿರಲಿಲ್ಲ. ಅಮ್ಮನ ನಗು ಅಲ್ಲೇ ನಿಂತಿತು.

“ನಾನು ಕಳ್ಳ ಅಲ್ಲ ಅಂತ ತೋರಿಸೋಕೆ ನನ್ನ ನಗು ಹಿಡ್ಕೊಂಡು ಮನೆಮನೆಗೆ ಹೋಗ್ಬೇಕಾ?” ಎಂದ ಅವನು. “ಸಿನಿಮಾದವರು ನನ್ನ ನೋಡಿದ್ದು ಒಂದು ಗಳಿಗೆ. ಅವರಿಗೆ ನಾನ್ಯಾರು ಗೊತ್ತಿಲ್ಲ, ಬೇಕಾದ ಹಾಗೆ ಕತ್ತರಿಸ್ಕೊಂಡ್ರು. ಈ ಬೀದಿಯವರು? ಇವರ ಮಕ್ಕಳು ನನ್ನ ಅಂಗಡಿ ಮುಂದೆ ಆಡಿ ಬೆಳೆದಿದ್ದಾರೆ. ಇವರು ನನ್ನ ನಗು ನೋಡಿಲ್ವಾ? ಮೂರು ದಿನ ಹೋಗಿ ಜಗಳ ಆಡಿದ್ಯಲ್ಲ ಪುಟ್ಟಿ, ನೀನು ಸಿಟ್ಟಾಗ್ಬೇಕಾದ್ದು ಯಾರ ಮೇಲೆ?”

ಅಪ್ಪ ಚಪ್ಪಲಿ ಮೆಟ್ಟಿ ಕೆಳಗಿಳಿದ. ಅಂಗಡಿಯ ಗೋಡೆಯಲ್ಲಿ ಉಳಿದಿದ್ದ ಕೀಗಳನ್ನೆಲ್ಲ ಒಂದೊಂದಾಗಿ ತೆಗೆದು ಜೇಬಿಗೆ ಹಾಕಿಕೊಂಡ. ಅವಳು ಹಿಂದೆ ಓಡಿದಳು.

ಅವನು ಒಂದೊಂದೇ ಬಾಗಿಲು ತಟ್ಟಿದ. ಕೀ ಕೊಟ್ಟ. “ಅಯ್ಯೋ, ಇರ್ಲಿ ಬಿಡಿ ಬೀಗದಣ್ಣ, ನಾವೇನು ಕೇಳಿದ್ವಾ?” ಎಂದರು ಒಬ್ಬರು. “ತಪ್ಪು ತಿಳ್ಕೋಬೇಡಿ” ಎಂದರು ಇನ್ನೊಬ್ಬರು. ಅಂದರು ನಿಜ, ಕೀಯನ್ನು ಮಾತ್ರ ಎಲ್ಲರೂ ಕೈಚಾಚಿ ತೆಗೆದುಕೊಂಡರು. ಒಬ್ಬರೂ ಅದನ್ನು ತಿರುಗಿ ಅವನ ಜೇಬಿಗೆ ಹಾಕಲಿಲ್ಲ.

ಕೊನೆಗೆ ಉಳಿದದ್ದು ತಮ್ಮದೇ ಕಟ್ಟಡದ ಹೆಡ್‌ಮಿಸ್ಸಿನದು. “ಅಪ್ಪಾ, ಅವರದು ಬೇಡ. ಪಾಪ, ಅವರು ನಮ್ಮ ಕಡೆ” ಎಂದಳು ಪುಟ್ಟಿ. ಅಪ್ಪ ಕೇಳಲಿಲ್ಲ, ಬಾಗಿಲು ತಟ್ಟಿದ. ಹೆಡ್‌ಮಿಸ್ಸು ಬಾಗಿಲು ತೆರೆದವರೇ, “ಏನಿದು ಹುಡುಗಾಟ? ನನ್ನ ಕೀ ಯಾವತ್ತಿದ್ರೂ ನಿಮ್ಮ ಹತ್ರಾನೇ ಇರ್ಬೇಕು. ಮೊದ್ಲು ವಾಪಸ್ ತಗೊಂಡು ಹೋಗಿ” ಎಂದು ಗದರಿದರು.

ಅಪ್ಪ ಅವರ ಮುಖ ನೋಡುತ್ತಿರಲಿಲ್ಲ. ಅವನ ಕಣ್ಣು ಬಾಗಿಲ ಮೇಲಿತ್ತು. ಪುಟ್ಟಿಯೂ ಅತ್ತ ನೋಡಿದಳು. ಹಳೇ ಬಾಗಿಲಿನಲ್ಲಿ ಹೊಚ್ಚಹೊಸ ಬೀಗ ಫಳಫಳ ಹೊಳೆಯುತ್ತಿತ್ತು. ಕೊರೆದ ಮರದ ಪುಡಿಯನ್ನು ಇನ್ನೂ ಯಾರೂ ಗುಡಿಸಿರಲಿಲ್ಲ.

ಅಪ್ಪ ಹೆಡ್‌ಮಿಸ್ಸಿನ ಅಂಗೈಯಲ್ಲಿ ಕೀ ಇಟ್ಟು ಬೆರಳುಗಳನ್ನು ಮಡಿಸಿದ.

“ಇದು ಇನ್ನು ಯಾವ ಬಾಗಿಲಿಗೂ ಆಗಲ್ಲ ಅಕ್ಕಾ” ಎಂದು ಹೇಳಿ, ಮೆಟ್ಟಿಲು ಹತ್ತಿ ಮನೆಗೆ ಹೋದ.