ಅಪ್ಪ ಹಾರಿಸಿದ ಸಾಲು

ಟೈಲರನ ಮಗಳನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಗುಬ್ಬಿ ಅಂತ. ಗುಬ್ಬಿ ಎಂದಮೇಲೆ ಚಿಲಿಪಿಲಿ ಅನ್ನಬೇಕು ತಾನೆ? ಒಂಬತ್ತು ತುಂಬಿದ ಈ ಗುಬ್ಬಿಯ ಬಾಯಿಂದ ಬರುವುದು 'ಅಪ್ಪ', 'ಬೇಡ' ಎಂಬ ಎರಡೇ ಮಾತು. ಅದರಲ್ಲೂ 'ಬೇಡ'ದ ಪಾಲೇ ಹೆಚ್ಚು.

ಆಟಿಸಂ ಎಂದು ಡಾಕ್ಟರು ಹಿಂದೆಯೇ ಹೇಳಿದ್ದರು. ಅದನ್ನು ಟೈಲರ್ ಹೇಗೋ ಅರಗಿಸಿಕೊಂಡಿದ್ದ. ಅರಗದೆ ಉಳಿದದ್ದು ಶಾಲೆಯ ಮೇಷ್ಟ್ರ ಮಾತು. "ಬಾಯಲ್ಲಿ ಹೇಳೋಕೆ ಬಾರದ ಮಗೂಗೆ ಅಕ್ಷರ ಯಾಕೆ? ಬಣ್ಣ ಹಚ್ಚಿಕೊಂಡು ಇರಲಿ ಬಿಡಿ" ಎಂದಿದ್ದರು. ಅಂದಿನಿಂದ ಗುಬ್ಬಿಯ ಚೀಲದಲ್ಲಿ ಬಣ್ಣದ ಡಬ್ಬಿ ಇತ್ತು, ಪುಸ್ತಕ ಇರಲಿಲ್ಲ. ಇವಳಿಗೆ ಓದು ಇಲ್ಲವೇ ಇಲ್ಲವಾ ಎಂಬ ಯೋಚನೆ ಮಿಷನ್ ತುಳಿಯುವಾಗಲೂ ಅವನನ್ನು ಬಿಡುತ್ತಿರಲಿಲ್ಲ.

ಅಂಗಡಿಗೆ ಬಟ್ಟೆ ಹೊಲಿಸಲು ಬರುತ್ತಿದ್ದ ಟೀಚರಮ್ಮ ಆಸ್ಪತ್ರೆಯಲ್ಲಿ ಮಾತಿನ ತೊಂದರೆ ಇರುವ ಮಕ್ಕಳಿಗೆ ಕಲಿಸುವವರು. ಅವರೇ ಒಂದು ಟ್ಯಾಬ್ ಸಿದ್ಧಮಾಡಿ ತಂದರು. ಪರದೆಯ ತುಂಬ ಚಿತ್ರದ ಚೌಕಗಳು, ಒಂದೊಂದರ ಕೆಳಗೂ ಅದರ ಪದ. ಮುಟ್ಟಿದರೆ ಟ್ಯಾಬ್ ಆ ಪದವನ್ನು ಹೇಳುತ್ತದೆ.

ಗುಂಡಿ ಹಾಕುತ್ತಾ ಕೂತಿದ್ದ ಅಜ್ಜಿ ಮೂಗು ಮುರಿದಳು. "ಯಂತ್ರ ಮಾತಾಡೋಕೆ ಶುರುಮಾಡಿದ್ರೆ ಇವಳಿಗಿರೋ ಎರಡು ಮಾತೂ ಹೋಗುತ್ತೆ ಕಣಮ್ಮ."

"ಕನ್ನಡಕ ಹಾಕಿಕೊಂಡ್ರೆ ಕಣ್ಣು ಹೋಗುತ್ತಾ ಅಜ್ಜಿ? ಇದರಿಂದ ಮಾತು ನಿಲ್ಲಲ್ಲ. ಕೆಲವು ಮಕ್ಕಳಿಗೆ ಹೆಚ್ಚಿದ್ದೂ ಉಂಟು. ಎಲ್ಲರಿಗೂ ಹೆಚ್ಚುತ್ತೆ ಅಂತ ನಾನು ಸುಳ್ಳು ಹೇಳಲ್ಲ."

ಒಂದು ಚಿತ್ರದ ಪುಸ್ತಕವನ್ನೂ ಕೊಟ್ಟು, ಅದನ್ನು ಓದಿ ಹೇಳುವಾಗ ಟ್ಯಾಬ್ ಪಕ್ಕದಲ್ಲೇ ಇರಲಿ ಎಂದರು ಟೀಚರಮ್ಮ. ಓದುತ್ತಾ ಓದುತ್ತಾ ದೊಡ್ಡವರೇ ಆ ಪದ ಒತ್ತಿ ತೋರಿಸಬೇಕು. ಕಣ್ಣು ಕಂಡ ಅಕ್ಷರವನ್ನೇ ಕಿವಿಯೂ ಕೇಳಬೇಕು.

ಟೈಲರ್ ಹುರುಪಿನಿಂದ ಶುರುಮಾಡಿದ. ಆದರೆ ಕಸುಬಿನ ಅಭ್ಯಾಸ ಬಿಡಬೇಕಲ್ಲ. ಅವನ ಅಂಗಡಿಯಲ್ಲಿ ಕತ್ತರಿ ಕಲಿಸುವುದೆಂದರೆ ಕಲಿಯುವವರ ಕೈಮೇಲೆ ಕೈಯಿಟ್ಟು ಬಟ್ಟೆಯ ಮೇಲೆ ನಡೆಸುವುದು. ಅವನಪ್ಪ ಅವನಿಗೆ ಕಲಿಸಿದ್ದೂ ಹಾಗೇ. ಈಗ ಮಗಳ ಬೆರಳನ್ನೂ ಹಾಗೇ ಹಿಡಿದು 'ಬೆಕ್ಕು' ಒತ್ತಿಸಿದ, 'ಹಾಲು' ಒತ್ತಿಸಿದ. ಟ್ಯಾಬ್ ಸರಿಯಾಗಿ ಹೇಳಿದಾಗಲೆಲ್ಲ ಅವನ ಎದೆ ಉಬ್ಬಿತು.

"ಓದ್ತಿರೋದು ನೀನು ಕಣೋ. ಅವಳು ಗೋಡೆ ನೋಡ್ತಿದಾಳೆ" ಎಂದಳು ಅಜ್ಜಿ.

ಟೈಲರನಿಗೆ ಸಿಟ್ಟು ನೆತ್ತಿಗೇರಿತು. ಹೊಲಿದ ಬಟ್ಟೆ ಒಯ್ಯಲು ಬಂದ ಟೀಚರಮ್ಮನ ಹತ್ತಿರ ದೂರು ಹೇಳಿದ. ಅವರು ಸ್ವಲ್ಪ ಹೊತ್ತು ಅಪ್ಪ ಮಗಳ ಓದನ್ನು ನೋಡುತ್ತಾ ಕೂತರು.

"ಅಜ್ಜಿ ಹೇಳಿದ್ದು ನಿಜ, ಟೈಲರಣ್ಣ. ನೀವು ಬೆರಳು ಹಿಡಿದ್ರೆ ಬರೋದು ನಿಮ್ಮ ಮಾತು, ಅವಳದಲ್ಲ. ನೀವು ಒತ್ತಿ ತೋರಿಸಿ, ಆಮೇಲೆ ಕೈ ಹಿಂದಕ್ಕೆ ತಗೊಂಡು ಕಾಯಿರಿ. ಪ್ರಶ್ನೆ ಕೇಳಿ ಕಾಡಬೇಡಿ."

ಕಾಯುವುದು ಹೇಳಿದಷ್ಟು ಸುಲಭವೇ? ಟೈಲರ್ ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂರುತ್ತಿದ್ದ. ಗುಬ್ಬಿ ವಾರಗಟ್ಟಲೆ ಒತ್ತಿದ್ದು 'ಬೇಡ' ಒಂದನ್ನೇ. ಮೊದಲು ಬಾಯಲ್ಲಿ ಬೇಡ, ಈಗ ಟ್ಯಾಬಿನಲ್ಲೂ ಬೇಡ ಎಂದು ಅಜ್ಜಿ ನಕ್ಕಳು. ಆದರೆ ಬೇಡ ಎಂದಾಗಲೆಲ್ಲ ಟೈಲರ್ ಪುಸ್ತಕ ಮುಚ್ಚಿದ. ತನ್ನ ಮಾತು ನಡೆಯುತ್ತದೆ ಎಂದು ತಿಳಿದಿದ್ದಕ್ಕೋ ಏನೋ, ಕೊನೆಗೆ ಗುಬ್ಬಿಯೇ ಪುಸ್ತಕ ತಂದು ಅಪ್ಪನ ತೊಡೆಯ ಮೇಲಿಡತೊಡಗಿದಳು.

ಒಂದು ಮಧ್ಯಾಹ್ನ ಟೀಚರಮ್ಮ ಹೊಸ ಪುಸ್ತಕ ಕೊಟ್ಟು ಹೋದರು. ಟೈಲರನಿಗೆ ಅವಸರ, ಸಂಜೆಗೆ ಕೊಡಬೇಕಾದ ಪ್ಯಾಂಟು ಮಿಷನ್ ಮೇಲೆ ಕೂತಿತ್ತು. "ಅಜ್ಜ ತೋಟಕ್ಕೆ ಹೋದ" ಎಂದು ಓದಿ, ಕೆಳಗಿನ ಸಾಲು ಹಾರಿಸಿ ಪುಟ ತಿರುಗಿಸಿಬಿಟ್ಟ.

ಗುಬ್ಬಿ ಪುಟವನ್ನು ಹಿಂದಕ್ಕೆ ತಿರುಗಿಸಿದಳು. ಟ್ಯಾಬ್ ಎಳೆದುಕೊಂಡು ಒಂದು ಚೌಕ ಒತ್ತಿದಳು. "ನಾಯಿ" ಎಂದಿತು ಟ್ಯಾಬ್.

ಚಿತ್ರದಲ್ಲಿ ಇದ್ದದ್ದು ಮುದುಕ ಮತ್ತು ಮುಚ್ಚಿದ ಬಾಗಿಲು. "ಇಲ್ಲಿ ನಾಯಿ ಎಲ್ಲಿದೆಯೇ?" ಎಂದ ಟೈಲರ್.

ಅವಳು ಮತ್ತೆ 'ನಾಯಿ' ಒತ್ತಿದಳು. ಆಮೇಲೆ ಅಪ್ಪ ಹಾರಿಸಿದ ಸಾಲಿನ ಮೇಲೆ ಬೆರಳಿಟ್ಟಳು. 'ಬಾಗಿಲ ಹಿಂದೆ ನಾಯಿ ಮಲಗಿತ್ತು' ಎಂದು ಅಲ್ಲಿ ಬರೆದಿತ್ತು.

ಅಜ್ಜಿ ಸೂಜಿ ಕೆಳಗಿಟ್ಟು ಬಂದಳು. ಕನ್ನಡಕ ಏರಿಸಿ ಚಿತ್ರ ನೋಡಿದಳು, ಸಾಲು ಓದಿದಳು, ಮತ್ತೊಮ್ಮೆ ಚಿತ್ರ ನೋಡಿದಳು. "ಸಾಲು ಕದೀತೀಯಲ್ಲೋ ಕಳ್ಳ. ಸರಿಯಾಗಿ ಓದು, ಮಗು ಕಾಯ್ತಾ ಇದೆ" ಎಂದು ಮಗನನ್ನು ಗದರಿದಳು. ಟೈಲರ್ ಪ್ಯಾಂಟು ಪಕ್ಕಕ್ಕೆ ಸರಿಸಿ, ಮೊದಲ ಪುಟದಿಂದ, ಒಂದು ಸಾಲೂ ಬಿಡದೆ ಓದಿದ.

ಟ್ಯಾಬನ್ನು ಹೆಗಲಿಗೆ ಹಾಕಿಕೊಳ್ಳಲು ಗಟ್ಟಿ ಪಟ್ಟಿ ಹೊಲಿದವಳು ಅಜ್ಜಿಯೇ. ಮರುದಿನ ಬಣ್ಣದ ಡಬ್ಬಿಯ ಜೊತೆ ಪುಸ್ತಕವನ್ನೂ ಚೀಲಕ್ಕೆ ಹಾಕಿ, ಮೊಮ್ಮಗಳ ಹಿಂದೆ ತಾನೂ ಶಾಲೆಗೆ ಹೊರಟಳು. "ನೀವೇ ಓದಿ ತೋರಿಸಿ ಮೇಷ್ಟ್ರೇ. ಸಾಲು ಬಿಟ್ಟೀರಿ ಮಾತ್ರ ಜೋಕೆ" ಎಂದಳು.

ಓದುಗರೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಮಾತು ಕಡಿಮೆಯಿರುವ ಮಗು ಇದೆಯೇ? ಮಾತು ಕಡಿಮೆಯಿರುವವರು ದೊಡ್ಡವರಾದರೂ ಸರಿ, ಮಾತಿಲ್ಲವೆಂದು ಪುಸ್ತಕ ಕಿತ್ತುಕೊಳ್ಳಬೇಡಿ. ಮಾತಿನ ಚಿಕಿತ್ಸೆ ಬಲ್ಲವರನ್ನು ಕೇಳಿ. ಟ್ಯಾಬ್ ಇಲ್ಲದಿದ್ದರೆ ಚಿತ್ರ, ಪದ ಅಂಟಿಸಿದ ರಟ್ಟಿನಿಂದಲೇ ಆರಂಭಿಸಿ. ಒಬ್ಬೊಬ್ಬರ ದಾರಿ ಒಂದೊಂದು, ತಡವಾದೀತು. ಓದಿ, ಒತ್ತಿ ತೋರಿಸಿ, ಕೈ ತೆಗೆದು ಕಾಯಿರಿ. ಒಂದು ಸಾಲನ್ನೂ ಹಾರಿಸಬೇಡಿ. ನಿಮ್ಮ ಪಕ್ಕದಲ್ಲಿ ಕೂತವರು ಓದುತ್ತಿರಬಹುದು.