ಗೋಡೆಗೆ ಸೀಲಿರಲಿಲ್ಲ

“ನಿನ್ನ ಕೆಲ್ಸ ಏನೇ? ಕಸ ಗುಡ್ಸೋದು ತಾನೆ? ಬಾಯಿ ಮುಚ್ಕೊಂಡು ಗುಡ್ಸು. ಕೋರ್ಟು, ಆರ್ಡರು ಅಂತ ಇನ್ನೊಂದ್ಸಲ ನನ್ನ ಮುಂದೆ ಬೊಗಳಿದ್ರೆ, ಆ ಪೊರಕೆ ಸಮೇತ ಗೇಟಿಂದಾಚೆ ಎಸೀತೀನಿ.”

ಆಡಳಿತಾಧಿಕಾರಿ ಇಷ್ಟು ಹೇಳಿ, ನಾನು ಆಗತಾನೆ ಒರೆಸಿದ್ದ ನೆಲದ ಮೇಲೆ ಬೂಟುಗಾಲಿನಲ್ಲಿ ನಡೆದು ತನ್ನ ಕೋಣೆ ಸೇರಿಕೊಂಡ. ನಾನು ಕೇಳಿದ್ದು ಇಷ್ಟೇ: “ಸಾರ್, ಔಷಧಿ ಕೋಣೆ ಬಾಗ್ಲು ಇವತ್ತು ತೆಗೀತೀರಾ? ಜಡ್ಜು ಹೇಳಿದಾರಂತಲ್ಲ.”

ಬೂಟಿನ ಗುರುತುಗಳನ್ನು ಮತ್ತೆ ಒರೆಸಿದೆ. ಔಷಧಿ ಕೋಣೆ ಅವನ ಕೋಣೆಗೆ ಅಂಟಿಕೊಂಡೇ ಇತ್ತು. ಕಬ್ಬಿಣದ ಬಾಗಿಲು, ದಪ್ಪ ಬೀಗ, ಬೀಗಕ್ಕೆ ಬಟ್ಟೆ ಸುತ್ತಿ ಕೆಂಪು ಅರಗಿನ ಸೀಲು. ಆ ಬಾಗಿಲ ಮುಂದೆ ಒರೆಸುವಾಗ ನಾನು ಬೇಕೆಂದೇ ನಿಧಾನ ಮಾಡುತ್ತಿದ್ದೆ. ಮಂಡಿಯೂರಿ ಕಿವಿಗೊಟ್ಟರೆ ಗೋಡೆಯೊಳಗಿಂದ ಮೆಲ್ಲಗೆ ಗುಂಯ್‌ ಎನ್ನುವ ಸದ್ದು ಕೇಳುತ್ತಿತ್ತು. ಫ್ರಿಜ್ಜು ಓಡುತ್ತಿದೆ, ಔಷಧಿ ತಣ್ಣಗಿದೆ ಎಂದು ಸಮಾಧಾನವಾಗುತ್ತಿತ್ತು. ಸಂಜೆ ಮನೆಗೆ ಹೋದ ಕೂಡಲೇ ಅಪ್ಪ ಕೇಳುತ್ತಿದ್ದದ್ದೂ ಅದನ್ನೇ.

“ಓಡ್ತಾ ಇದೆಯಾ ಮಗಳೇ?”

“ಓಡ್ತಾ ಇದೆ ಅಪ್ಪ.”

ನಮ್ಮದು ಕಲ್ಲು ಒಡೆಯುವವರ ಕೇರಿ. ಗಂಡಸರು ಮೀಸೆ ಮೂಡುವ ಮೊದಲೇ ಕ್ವಾರಿಗೆ ಇಳಿಯುತ್ತಾರೆ. ಕಲ್ಲು ಸೀಳಿದಾಗ ಏಳುವ ಪುಡಿ ಹಿಟ್ಟಿಗಿಂತ ನುಣ್ಣಗಿರುತ್ತದೆ. ಮೂಗಿಗೆ ಬಟ್ಟೆ ಕಟ್ಟಿದರೂ ಒಳಗೆ ಹೋಗುತ್ತದೆ, ಹೋದದ್ದು ಹೊರಗೆ ಬರುವುದಿಲ್ಲ. ತಲೆ ನರೆಯುವ ಹೊತ್ತಿಗೆ ಎದೆ ಕಲ್ಲಾಗಿರುತ್ತದೆ. ನಾಲ್ಕು ಹೆಜ್ಜೆ ನಡೆದರೆ ಕೂರಬೇಕು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ನಿದ್ದೆ. ಕ್ವಾರಿ ಕಂಪನಿಯ ಡಾಕ್ಟರು ಎಲ್ಲರ ಎದೆಗೂ ಒಂದೇ ಮಾತು ಹೇಳುತ್ತಿದ್ದ: “ಹೊಗೆ ಸೇದಿ ಸೇದಿ ಹಾಳು ಮಾಡ್ಕೊಂಡಿದೀರ, ಹೋಗಿ.” ನನ್ನಪ್ಪ ಹುಟ್ಟಿದಾಗಿನಿಂದ ಒಂದು ದಿನವೂ ಹೊಗೆ ಸೇದಿದವನಲ್ಲ.

ಸಂಶೋಧನಾ ಆಸ್ಪತ್ರೆಯ ಡಾಕ್ಟರಮ್ಮ ಕೇರಿಗೆ ಬಂದಾಗ ನಮಗೆ ನಂಬಿಕೆ ಬರಲಿಲ್ಲ. ಆಕೆ ನಮ್ಮ ಹೊಸ್ತಿಲ ಮೇಲೆ ಕೂತು, “ಇದು ಹೊಸ ಔಷಧಿ. ಪರೀಕ್ಷೆ ಅಷ್ಟೇ. ಗುಣ ಆಗುತ್ತೆ ಅಂತ ನಾನು ಮಾತು ಕೊಡಲ್ಲ” ಎಂದಳು.

ಅಪ್ಪನ ಗೆಳೆಯ ಮೇಸ್ತ್ರಿ ನಕ್ಕುಬಿಟ್ಟ. “ಗುಣ ಮಾಡ್ತೀನಿ ಅಂದೋರೆಲ್ಲ ಟೋಪಿ ಹಾಕಿದ್ರು ಕಣಮ್ಮ. ನೀವು ಮಾಡಲ್ಲ ಅಂತೀರಲ್ಲ, ಬರ್ತೀವಿ.”

ವಾರಕ್ಕೊಮ್ಮೆ ಆಸ್ಪತ್ರೆಯ ವ್ಯಾನು ಬಂದು ಅವರನ್ನೆಲ್ಲ ಕರೆದೊಯ್ಯುತ್ತಿತ್ತು. ಮೂಗು ಬಾಯಿಗೆ ಮುಖವಾಡ ಹಾಕಿ ಔಷಧಿಯ ಹಬೆ ಕೊಡುತ್ತಿದ್ದರು. ಅದೇ ಆಸ್ಪತ್ರೆಯಲ್ಲಿ ನನಗೆ ಗುಡಿಸುವ ಕೆಲಸವೂ ಸಿಕ್ಕಿತು. ಮೊದಮೊದಲು ಔಷಧಿಯಿಂದ ಏನೂ ಆಗಲಿಲ್ಲ. ಆಮೇಲೊಂದು ಮಧ್ಯಾಹ್ನ ಮನೆಗೆ ಬಂದು ನೋಡುತ್ತೇನೆ, ಅಪ್ಪ ನೆಲದ ಮೇಲೆ ಉದ್ದಕ್ಕೆ ಮಲಗಿದ್ದಾನೆ. ಅವನು ಹಾಗೆ ಮಲಗಿದ್ದನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು. ಸತ್ತೇಹೋದನೆಂದು ಕಿರುಚಿಕೊಂಡು ಅಲುಗಾಡಿಸಿದೆ.

ಅವನು ಕಣ್ಣುಬಿಟ್ಟು ಬೈದ. “ಯಾಕೇ ಹಾಳಾದೋಳೆ, ನಿದ್ದೆ ಕೆಡ್ಸ್ತೀಯಾ?”

ಆ ಬೈಗುಳ ಕೇಳಿ ನಾನು ಅತ್ತೆ. ಆಮೇಲೆ ಇಬ್ಬರೂ ನಕ್ಕೆವು. ಅವನು ಕೆಮ್ಮದೆ ನಕ್ಕ.

ಅದಾದ ಮೇಲೆ ಹೊಸ ಸರ್ಕಾರ ಸಂಶೋಧನೆಗೆಲ್ಲ ಕೊಡುತ್ತಿದ್ದ ಹಣ ನಿಲ್ಲಿಸಿತು. ಟೀ ಅಂಗಡಿಯ ಟಿವಿಯಲ್ಲಿ ಮಂತ್ರಿ, “ಬೇಡದ ಪ್ರಯೋಗಗಳಿಗೆ ಜನರ ದುಡ್ಡು ಸುರಿಯೋ ಕಾಲ ಮುಗೀತು” ಎನ್ನುತ್ತಿದ್ದ. ಅಂಗಡಿಯವನು ನಮ್ಮ ಮುಖ ನೋಡಿ ಟಿವಿ ಆರಿಸಿದ. ಮರುದಿನ ವ್ಯಾನು ಬರಲಿಲ್ಲ. ವಾರ್ಡಿನ ಮಂಚಗಳನ್ನು ಲಾರಿಗೆ ಹೇರಿದರು. ಡಾಕ್ಟರಮ್ಮನ ಗುರುತಿನ ಚೀಟಿ ಕಿತ್ತುಕೊಂಡು ಆಕೆಯನ್ನು ಗೇಟಿನಾಚೆ ಕಳಿಸಿದರು. ಔಷಧಿಯನ್ನು ಮೊದಲೇ ತಂದಿಟ್ಟಿದ್ದರು, ನಮ್ಮವರಿಗೆ ಇನ್ನೂ ಎಷ್ಟೋ ತಿಂಗಳಿಗೆ ಸಾಕಾಗುವಷ್ಟು. ಅದು ಸರ್ಕಾರದ ಆಸ್ತಿ ಎಂದು ಕೋಣೆಗೆ ಬೀಗ ಜಡಿದರು.

ಡಾಕ್ಟರಮ್ಮ ಕೋರ್ಟಿಗೆ ಹೋದಳು. ಗೆದ್ದಳು. ಹಣ ನಿಲ್ಲಿಸಿದ್ದು ತಪ್ಪು, ಕೇಸು ಮುಗಿಯುವ ತನಕ ರೋಗಿಗಳಿಗೆ ಔಷಧಿ ಕೊಡುತ್ತಲೇ ಇರಬೇಕು ಎಂದು ಆದೇಶವಾಯಿತು. ಆ ಬೆಳಿಗ್ಗೆ ನಮ್ಮವರೆಲ್ಲ ಒಗೆದ ಅಂಗಿ ತೊಟ್ಟು, ವ್ಯಾನಿಲ್ಲದ್ದಕ್ಕೆ ಕೂತು ಎದ್ದು, ಕೂತು ಎದ್ದು ನಡೆದೇ ಬಂದರು. ಆಡಳಿತಾಧಿಕಾರಿ ಮೆಟ್ಟಿಲ ಮೇಲೆ ನಿಂತಿದ್ದ.

“ನಮಗೆ ಆದೇಶ ಬಂದಿಲ್ಲ.”

ಮುಂದಿನ ವಾರ, “ಬಂದಿದೆ. ಪರಿಶೀಲನೇಲಿದೆ.”

ಅದರ ಮುಂದಿನ ವಾರ, “ಔಷಧಿ ಕೊಡಿ ಅಂತ ಬರ್ದಿದಾರೆ. ಬಾಗ್ಲು ತೆಗೀರಿ ಅಂತ ಎಲ್ಲಿ ಬರ್ದಿದಾರೆ? ತೋರ್ಸು.”

ಮೇಸ್ತ್ರಿಯ ತಮ್ಮ ಆ ವಾರ ತೀರಿಕೊಂಡ. ಕ್ವಾರಿಯಲ್ಲಿ ಅವನಷ್ಟು ಎತ್ತರದ ಆಳು ಇರಲಿಲ್ಲ. ಹೊರುವಾಗ ಹಗುರವಾಗಿದ್ದ.

ಕೋರ್ಟು ಎರಡನೇ ಸಲ ಹೇಳಿತು. ಈ ಸಲ ಜಡ್ಜು ಸಿಟ್ಟಾಗಿದ್ದರಂತೆ, ಬಾಗಿಲು ತೆಗೆಯಿರಿ ಎಂದೇ ಹೇಳಿದರಂತೆ. ಡಾಕ್ಟರಮ್ಮ ಆದೇಶದ ಪ್ರತಿ ಹಿಡಿದು ಗೇಟಿಗೆ ಬಂದಳು. ಕಾವಲುಗಾರ ಬಿಡಲಿಲ್ಲ. ಆಡಳಿತಾಧಿಕಾರಿಯೇ ಗೇಟಿನ ತನಕ ನಡೆದುಬಂದ. ನಾನು ಅಲ್ಲೇ ಒಣಗಿದ ಎಲೆ ಗುಡಿಸುತ್ತಿದ್ದೆ.

“ನೋಡಿ ಮೇಡಂ,” ಎಂದ, ಬಹಳ ಮರ್ಯಾದೆಯಿಂದ. “ಕೋರ್ಟ್ ಹತ್ರ ಪೆನ್ನಿದೆ. ಕೀ ಇರೋದು ನಮ್ಮ ಹತ್ರ.”

“ಇದು ಕೋರ್ಟಿಗೆ ಮಾಡ್ತಿರೋ ಅವಮಾನ ಕಣ್ರೀ.”

“ಆಯ್ತು, ಕೋರ್ಟಿಗೆ ಹೇಳಿ. ನಾನು ಮೇಲಿನೋರು ಹೇಳಿದ ಹಾಗೆ ಮಾಡೋನು. ಮೇಲಿನೋರಿಗೆ ಇನ್ನೂ ಮೇಲಿನೋರಿದಾರೆ. ಯಾರನ್ನ ಹಿಡೀತೀರ?”

ಆಕೆ ರಸ್ತೆಯಾಚೆಯ ಮರದ ಕೆಳಗೆ ಬೆಂಚಿನ ಮೇಲೆ ಕೂತಳು. ಆಮೇಲೆ ದಿನವೂ ಅಲ್ಲೇ ಕೂರತೊಡಗಿದಳು. ನಮ್ಮವರು ಒಬ್ಬೊಬ್ಬರಾಗಿ ಹೋಗಿ ಅಂಗಿ ಎತ್ತುತ್ತಿದ್ದರು. ಆಕೆ ಬೆನ್ನಿಗೆ ಕೊಳವೆ ಇಟ್ಟು ಕೇಳುತ್ತಿದ್ದಳು.  ಒಮ್ಮೆ ನನಗೆ ಮಾತ್ರ, “ಔಷಧಿ ತಣ್ಣಗಿದ್ರೆ ಸಾಕು. ಇನ್ನೂ ಕಾಲ ಮೀರಿಲ್ಲ” ಎಂದಳು. ನಾನು ಫ್ರಿಜ್ಜಿನ ಸದ್ದು ಕೇಳುವುದನ್ನು ಹೇಳಿದೆ. ಆಕೆಯ ಮುಖ ಅರಳಿತು.

ಅಪ್ಪ ಮತ್ತೆ ಗೋಡೆಗೆ ಒರಗಿ ಕೂತ. ಮಾತು ತುಂಡಾಯಿತು. ಒಂದು ಮಾತು, ಒಂದು ಉಸಿರು, ಇನ್ನೊಂದು ಮಾತು. ಬೆನ್ನಿಗೆ ದಿಂಬು ಕೊಡುತ್ತಿದ್ದರೆ ಪಕ್ಕೆಲುಬುಗಳು ನನ್ನ ಅಂಗೈಗೆ ಒತ್ತುತ್ತಿದ್ದವು.

“ಆ ಔಷಧಿ... ಕೊಡದೇ ಇದ್ದಿದ್ರೆ... ಚೆನ್ನಾಗಿತ್ತು.”

“ಹಾಗನ್ಬೇಡ ಅಪ್ಪ.”

“ಕೂತು ಸಾಯೋದು... ಅಭ್ಯಾಸ ಆಗಿತ್ತು ಮಗಳೇ. ಒಂದ್ಸಲ... ಮಲಗಿಸಿಬಿಟ್ರು. ಈಗ ಮಲಗೋಕೆ... ಆಸೆ ಆಗುತ್ತೆ.”

ಮೂರನೇ ಆದೇಶವಾಯಿತೆಂದು ತಿಳಿದ ದಿನವೇ ನಾನು ಆಡಳಿತಾಧಿಕಾರಿಯನ್ನು ಬಾಗಿಲಿನ ಬಗ್ಗೆ ಕೇಳಿದ್ದು, ಅವನು ನನ್ನನ್ನು ಪೊರಕೆ ಸಮೇತ ಎಸೆಯುತ್ತೇನೆಂದದ್ದು. ಅವತ್ತು ಕೇರಿಗೆ ಹೋಗಿ ಮೇಸ್ತ್ರಿಯ ಮನೆಯ ಮುಂದೆ ಕೂತು ನಡೆದದ್ದನ್ನೆಲ್ಲ ಹೇಳಿದೆ.  ಕೊನೆಗೆ ಅವನು ಕೇಳಿದ.

“ಸೀಲು ಎಲ್ಲಿಗೆ ಹಾಕಿದಾರೆ?”

“ಬಾಗ್ಲಿಗೆ.”

“ಗೋಡೆ ಯಾತರದು?”

“ಕಲ್ಲಿಂದು.”

“ಬಾಗ್ಲಿಗೆ ಸೀಲಿದೆ. ಗೋಡೆಗೆ ಇಲ್ಲ ಅಲ್ವಾ?” ಎಂದ ಮೇಸ್ತ್ರಿ.

ಮಾರನೆಯ ದಿನ ಅಧಿಕಾರಿ ಊಟಕ್ಕೆ ಹೊರಟ ಮೇಲೆ ಅವರು ಬಂದರು. ಹಿಂದಿನ ಸಣ್ಣ ಗೇಟಿನ ಚಿಲಕ ತೆಗೆದವಳು ನಾನು. ಅಪ್ಪನನ್ನು ಕೈಗಾಡಿಯಲ್ಲಿ ಕೂರಿಸಿಕೊಂಡು ಬಂದಿದ್ದರು. ಡಾಕ್ಟರಮ್ಮ ಬೆಂಚಿನಿಂದ ಎದ್ದು ಓಡಿಬಂದು ಅಡ್ಡ ನಿಂತಳು.

“ಬೇಡ. ನಿಮ್ಮನ್ನ ಒಳಗೆ ಹಾಕ್ತಾರೆ. ಇನ್ನೊಂದು ವಿಚಾರಣೆ ಇದೆ, ಸ್ವಲ್ಪ ತಡೀರಿ.”

“ಅಮ್ಮಾ,” ಎಂದ ಮೇಸ್ತ್ರಿ. ಸಿಟ್ಟಿರಲಿಲ್ಲ. “ನೀವು ವಿಚಾರಣೆಗೆ ಹೋಗಿ ಬಂದಾಗ್ಲೆಲ್ಲ ನಾವು ಒಬ್ಬೊಬ್ರನ್ನ ಮಣ್ಣು ಮಾಡಿ ಬಂದಿದೀವಿ. ಸರೀರಿ ಆಚೆ.”

ಆಕೆ ಸರಿದಳು.

ಕಲ್ಲಿನ ಮೈ ಬಲ್ಲವರು. ಮೇಸ್ತ್ರಿ ಔಷಧಿ ಕೋಣೆಯ ಹಿಂಗೋಡೆಯನ್ನು ಅಂಗೈಯಿಂದ ಸವರಿ, ಎರಡು ಕಲ್ಲು ಸೇರುವ ಕಡೆ ಉಳಿ ಇಟ್ಟ. ಒಂದು ಕಾಲಕ್ಕೆ ಇದು ಅವರಲ್ಲೊಬ್ಬನಿಗೆ ಕೈ ಬಿಸಿಯಾಗುವಷ್ಟರಲ್ಲಿ ಮುಗಿಯುವ ಕೆಲಸ. ಈಗ ಮೇಸ್ತ್ರಿ ಒಂದೆರಡು ಏಟು ಹಾಕಿ ಸುತ್ತಿಗೆ ಬಿಟ್ಟು ಕುಸಿದ. ಪಕ್ಕದವನು ತೆಗೆದುಕೊಂಡ. ಅವನೂ ಕೂತ. ಇನ್ನೊಬ್ಬ. ಪೆಟ್ಟಿಗಿಂತ ಹೆಚ್ಚು ಕೆಮ್ಮು ಕೇಳುತ್ತಿತ್ತು. ಎದ್ದ ಪುಡಿ ಮತ್ತೆ ಅವರ ಎದೆಗೇ ಇಳಿಯುತ್ತಿತ್ತು. ಒಬ್ಬ ರಕ್ತ ಉಗುಳಿ, ಬಾಯಿ ಒರೆಸಿಕೊಂಡು, “ಸೂಳೆಮಗಂದು, ಗಟ್ಟಿಯಾಗೇ ಕಟ್ಟಿದೀವಿ” ಎಂದ. ಆ ಕಟ್ಟಡದ ಕಲ್ಲು ನಮ್ಮ ಕ್ವಾರಿಯದೇ, ಕಟ್ಟಿದ ಕೈಯೂ ನಮ್ಮವರದೇ. ಒಂದಿಬ್ಬರು ನಕ್ಕರು, ನಕ್ಕಿದ್ದಕ್ಕೆ ಮತ್ತೆ ಕೆಮ್ಮಿದರು.

ಅಪ್ಪ ಗಾಡಿಯಿಂದ ಕೈ ಚಾಚಿದ. ಗಾಡಿಯನ್ನು ಗೋಡೆಗೆ ತಳ್ಳಿ, ಸುತ್ತಿಗೆ ಕೈಗಿಟ್ಟು, ಅವನ ಮುಂಗೈಯನ್ನು ನಾನು ಹಿಡಿದೆ. ಇಬ್ಬರೂ ಸೇರಿ ಒಂದು ಏಟು ಹಾಕಿದೆವು. ಕಲ್ಲು ಅಲುಗಿದ್ದು ಆ ಏಟಿಗಲ್ಲ, ಆದರೆ ಮೇಸ್ತ್ರಿ, “ಹಾಂ, ಈಗ ಅಲುಗ್ತು” ಎಂದ.

ಕೊನೆಗೆ ಒಬ್ಬರು ತೂರುವಷ್ಟು ಕಿಂಡಿಯಾಯಿತು. ಮೊದಲು ನಾನು ನುಗ್ಗಿದೆ, ಹಿಂದೆಯೇ ಡಾಕ್ಟರಮ್ಮ.

ಒಳಗೆ ಸೆಕೆ. ಮುಗ್ಗಲು ವಾಸನೆ. ಗುಂಯ್‌ ಎನ್ನುವ ಸದ್ದು ಅಲ್ಲೂ ಕೇಳುತ್ತಿತ್ತು, ಆದರೆ ಫ್ರಿಜ್ಜಿನ ಕಡೆಯಿಂದಲ್ಲ. ಪಕ್ಕದ ಗೋಡೆಯಿಂದ. ಆಡಳಿತಾಧಿಕಾರಿಯ ಕೋಣೆಯ ಏಸಿ ಅದು. ಇಷ್ಟು ದಿನ ನಾನು ಅದಕ್ಕೇ ಕಿವಿಗೊಟ್ಟು ಮನೆಗೆ ಹೋಗಿದ್ದೆ. ಫ್ರಿಜ್ಜಿನ ವೈರು ಕಿತ್ತು ನೆಲದ ಮೇಲೆ ಬಿದ್ದಿತ್ತು. ಡಾಕ್ಟರಮ್ಮ ಬಾಗಿಲು ತೆರೆದಳು. ಸಣ್ಣ ಸಣ್ಣ ಶೀಶೆಗಳು ಸಾಲಾಗಿ ನಿಂತಿದ್ದವು, ಒಂದೂ ಒಡೆದಿರಲಿಲ್ಲ. ಒಂದನ್ನು ತೆಗೆದು ಕೆನ್ನೆಗೆ ಒತ್ತಿಕೊಂಡಳು. ಮತ್ತೆ ಅಲ್ಲೇ ಇಟ್ಟಳು.

“ಆಗಲ್ವಾ ಅಮ್ಮ?”

ಆಕೆ ತಲೆ ಅಲ್ಲಾಡಿಸಿದಳು.

“ಸ್ವಲ್ಪನೂ ಆಗಲ್ವಾ? ಅರ್ಧ ಕೆಲ್ಸ ಮಾಡಿದ್ರೂ ಸಾಕಿತ್ತು.”

“ಕೊಟ್ರೆ ಬೇಗ ಸಾಯ್ತಾರೆ.”

ಕಿಂಡಿಯಾಚೆ ಅಪ್ಪನ ಮುಖ ಕಾಣುತ್ತಿತ್ತು. ಅವನು ನಾನು ಬರಿಗೈಯಲ್ಲಿ ಹೊರಗೆ ಬಂದದ್ದನ್ನು ನೋಡಿದ, ಮೈಮೇಲಿನ ಪುಡಿ ಕೊಡವಿಕೊಳ್ಳತೊಡಗಿದ.

ಸದ್ದು ಕೇಳಿ ಕಾವಲುಗಾರ ಫೋನು ಮಾಡಿದ್ದನೇನೋ, ಪೊಲೀಸ್ ವ್ಯಾನು ಬಂತು. ಹಿಂದೆಯೇ ಆಡಳಿತಾಧಿಕಾರಿ, ಊಟದ ಕೈ ಒರೆಸಿಕೊಳ್ಳುತ್ತ. “ಸರ್ಕಾರದ ಆಸ್ತಿ ಸಾರ್. ನೋಡಿ, ಹಾಡಹಗಲೇ. ಕಾನೂನಿನ ಭಯಾನೇ ಇಲ್ಲ ಈ ನನ್ಮಕ್ಳಿಗೆ.”

“ಯಾರೋ ಒಡೆದಿದ್ದು?” ಎಂದ ಇನ್ಸ್‌ಪೆಕ್ಟರು.

“ನಾನು,” ಎಂದ ಮೇಸ್ತ್ರಿ.

“ನಾನು,” ಎಂದ ರಕ್ತ ಉಗುಳಿದವನು. ಎಲ್ಲರೂ ಹಾಗೇ ಹೇಳಿದರು. ಅಪ್ಪ ಕೈ ಎತ್ತಿದ.

“ಹತ್ತಿ ವ್ಯಾನು.”

ಹತ್ತಲು ಬಹಳ ಹೊತ್ತು ಹಿಡಿಯಿತು. ಒಬ್ಬೊಬ್ಬರನ್ನೂ ಪೇದೆಗಳೇ ಕಂಕುಳಿಗೆ ಕೈಕೊಟ್ಟು ಎತ್ತಬೇಕಾಯಿತು. ಅಪ್ಪನನ್ನು ಇಬ್ಬರು ಹೊತ್ತು ಕೂರಿಸಿದರು. ಎಲ್ಲ ಹತ್ತಿದ ಮೇಲೆ ಮೇಸ್ತ್ರಿ ಸರಳಿಗೆ ಮುಖವಿಟ್ಟು ಕೇಳಿದ.

“ಸಾರ್, ಈಗ ನಮ್ಮನ್ನ ಜಡ್ಜ್ ಮುಂದೆ ನಿಲ್ಲಿಸ್ಬೇಕು ಅಲ್ವಾ?”

“ನಿಲ್ಲಿಸ್ತೀನಿ ಮಗನೇ. ಚೆನ್ನಾಗೇ ನಿಲ್ಲಿಸ್ತೀನಿ.”

“ಹಾಗಾದ್ರೆ ನಡೀರಿ. ಜಡ್ಜು ಕೇಸಿನ ಕಾಗದದಲ್ಲಿ ನೋಡಿದಾರೆ ನಮ್ಮನ್ನ. ಕಣ್ಣಾರೆ ನೋಡ್ಲಿ.”

ಆಡಳಿತಾಧಿಕಾರಿಯ ಮುಖ ಬದಲಾಯಿತು. ಅವನು ಇನ್ಸ್‌ಪೆಕ್ಟರನ್ನು ಮೂಲೆಗೆ ಕರೆದ. ಫೋನು ಮಾಡಿದ. ಫೋನು ಇನ್ಸ್‌ಪೆಕ್ಟರ ಕೈಗೆ ಹೋಯಿತು. ಅವನು ಸಾರ್, ಸಾರ್ ಎನ್ನುತ್ತ ಗೋಡೆಯ ಕಿಂಡಿ ನೋಡಿದ, ವ್ಯಾನು ನೋಡಿದ. ತಿರುಗಿ ಬಂದಾಗ ದನಿ ಇಳಿದಿತ್ತು.

“ಇಳೀರಿ. ಕೇಸಿಲ್ಲ. ಮನೆಗೆ ಹೋಗಿ.”

ಯಾರೂ ಅಲುಗಲಿಲ್ಲ.

“ಹೇಳಿದ್ದು ಕೇಳಿಸ್ಲಿಲ್ವಾ? ನಿಮ್ಮನ್ನ ಬಿಟ್ಟಿದೀನಿ. ಪುಣ್ಯ ಅಂದ್ಕೊಳ್ಳಿ.”

“ನಾವು ಬಿಟ್ಟಿಲ್ಲವಲ್ಲ ಸಾರ್,” ಎಂದ ಮೇಸ್ತ್ರಿ. “ಕೋರ್ಟಿಗೆ ನಡೀರಿ.”

ಒಬ್ಬ ಪೇದೆ ಮೇಲೆ ಹತ್ತಿ ತುದಿಯಲ್ಲಿದ್ದವನ ರಟ್ಟೆ ಹಿಡಿದೆಳೆದ. ಅವನು ಕೆಮ್ಮಿ ಕೆಮ್ಮಿ ಪೇದೆಯ ಎದೆಯ ಮೇಲೇ ಒರಗಿಕೊಂಡ. ಪೇದೆ ಹೆದರಿ ಅವನನ್ನು ಮೆಲ್ಲಗೆ ಕೂರಿಸಿ ಇಳಿದುಬಂದ. “ಮುಟ್ಟಿದ್ರೆ ಸಾಯ್ತಾರೆ ಸಾರ್,” ಎಂದ. ಆಮೇಲೆ ಯಾರೂ ಮುಟ್ಟಲು ಹೋಗಲಿಲ್ಲ.

ಬಿಸಿಲು ವ್ಯಾನಿನ ತಗಡಿನ ಮೇಲೆ ಸುರಿಯುತ್ತಿತ್ತು. ಡ್ರೈವರು ಕೀ ಕಿತ್ತುಕೊಂಡು ನೆರಳಿಗೆ ಹೋದ. ಇನ್ಸ್‌ಪೆಕ್ಟರು ಮತ್ತೆ ಫೋನಿಗೆ ಹೋದ. ಅಪ್ಪ ಮೂಲೆಯ ಸೀಟಿನಲ್ಲಿ ಬಾಯಿ ತೆರೆದು ಉಸಿರು ಎಳೆಯುತ್ತಿದ್ದ. ಎಳೆದದ್ದು ಒಳಗೆ ಹೋಗುತ್ತಿರಲಿಲ್ಲ. ನಾನು ಹತ್ತಿ ಅವನ ಪಕ್ಕ ಕೂತೆ. ಅವನು ನನ್ನ ತೊಡೆಯ ಮೇಲೆ ತಲೆಯಿಟ್ಟು, ಸೀಟಿನ ಉದ್ದಕ್ಕೂ ಕಾಲು ಚಾಚಲು ನೋಡಿದ. ಬೇಡ ಅಪ್ಪ, ಉಸಿರು ಕಟ್ಟುತ್ತೆ ಎನ್ನಲು ಹೋದವಳು ಅವನ ತಲೆಗೆ ಕೈ ಆನಿಸಿದೆ. ಎದುರಿನವರು ತಮ್ಮ ಕಾಲು ಮಡಚಿಕೊಂಡು ಜಾಗ ಮಾಡಿದರು.

ಮೇಸ್ತ್ರಿ ಕೈ ಚಾಚಿ ವ್ಯಾನಿನ ಬಾಗಿಲನ್ನು ಒಳಗಿನಿಂದ ಎಳೆದುಕೊಂಡ.