ಗಂಟಲ ಕಿಂಡಿ

ತಂಪು ಬಂದದ್ದು ಮೂಗಿನಿಂದಲ್ಲ, ಕೊರಳಿನಿಂದ, ಒದ್ದೆ ಅರಿವೆಯ ಹಿಂದಿನ ಕಿಂಡಿಯಿಂದ, ಅಂದರೆ ತಡಸ ದಾಟಿತು, ಕಾಡು ಸುರುವಾಯಿತು, ಬಯಲಿನ ಬಿಸಿಗಾಳಿ ಹಿಂದೆ ಬಿತ್ತು, ಸಾಗವಾನಿಯ ನೆರಳು ಬಸ್ಸಿನೊಳಗೆ ಹೊಕ್ಕು ಮಡಿಲ ಮೇಲೆ ಹರಿದಾಡುತ್ತಿದೆ, ಒಂದು ಪಟ್ಟೆ ಬಿಸಿಲು, ಒಂದು ಪಟ್ಟೆ ನೆರಳು, ಮತ್ತೆ ಬಿಸಿಲು — ನಾನು ಎಚ್ಚರವಾಗಿದ್ದೇನೆ. ಹುಬ್ಬಳ್ಳಿ ಬಿಟ್ಟಾಗಿನಿಂದ ಒಮ್ಮೆಯೂ ರೆಪ್ಪೆ ಭಾರವಾಗಿಲ್ಲ. ಈ ದಾರಿಯಲ್ಲಿ ಎಷ್ಟು ವರ್ಷ ಓಡಾಡಿದ್ದೇನೆ, ಕೂತ ಕೂಡಲೇ ತಲೆ ಬಾಗುತ್ತಿತ್ತು, ಕಂಡಕ್ಟರ್ ಬಂದು ಯವ್ವಾ ಮುಂಡಗೋಡ ಬಂತು ಇಳಿ ಬೇ ಅನ್ನುವ ತನಕ ಲೋಕವೇ ಇರುತ್ತಿರಲಿಲ್ಲ, ಇಷ್ಟು ಗಿಡಗಳಿದ್ದವೇ ಇಲ್ಲಿ, ರಸ್ತೆಗೆ ಇಷ್ಟು ಹತ್ತಿರ? ಮುಂದಿನ ಸೀಟಿನಲ್ಲಿ ಕೆಂಪು ಶಾಲಿನ ಲಾಮಾ ಜಪಮಣಿ ತಿರುವುತ್ತಿದ್ದಾನೆ, ಅವನ ಪಕ್ಕದವನು ಬೀಡಿ ಹಚ್ಚಿದ್ದಾನೆ, ಹೊಗೆ ಕಾಣುತ್ತದೆ, ವಾಸನೆ ಇಲ್ಲ, ಉಸಿರು ಮೂಗಿನ ಕಡೆ ಹೋಗುವುದೇ ಇಲ್ಲವಲ್ಲ ಈಗ. ನನ್ನ ಭುಜಕ್ಕೆ ತಲೆಯಿಟ್ಟು ಇವರು ಮಲಗಿದ್ದಾರೆ, ನನ್ನ ಗಂಡ ಉಳವಪ್ಪ, ಮೂರು ವಾರ ಆಸ್ಪತ್ರೆಯ ನೆಲದ ಮೇಲೆ ಕುಕ್ಕರಗಾಲಲ್ಲಿ ಕಳೆದವರು. ಮಲಗುವ ಮುಂಚೆ ಹೇಳಿದರು, ಹೇಳಿಯೇ ಮಲಗಿದರು — ಸಂತಿ ಐತಲ್ಲ ಇವತ್ತ, ಯಲ್ಲಪ್ಪ ಚಕ್ಕಡಿ ತಂದಿರ್ತಾನ, ಅವನ ಹೆಂಡ್ತಿ ಗಿರಿಜಾಬಾಯಿನೂ ಬರ್ತಾಳಂತ ಸ್ಟ್ಯಾಂಡಿಗೆ, ಒಂಬತ್ತರಾಗ ಅದಾಳ, ಬ್ಯಾಡ ಅಂದ್ರೂ ಕೇಳವಲ್ಲಳು, ಹೊಳೆವ್ವಾಯಿನ್ನ ನಾನ ಕರಕೊಂಡ ಬರ್ತೇನಿ, ಈ ಸಲಾನೂ ಆಕಿ ಕೈಯಾಗs ನನ್ನ ಹೆರಿಗಿ ಆಗಬೇಕು ಅಂದಾಳಂತ. ಅಂದು ನಕ್ಕರು. ಹೊಳೆವ್ವಾಯಿ ಅಂದರೆ ನಾನು, ಊರ ಸೂಲಗಿತ್ತಿ. ನನ್ನ ಕೊರಳಿನ ನಳಿಗೆ ಒಮ್ಮೆ ಸುಯ್ ಎಂದಿತು. ಅದನ್ನು ನಗು ಅಂದುಕೊಂಡರೇನೋ.

ಹೆಂಗಸು ಗೊರಕೆ ಹೊಡೆಯಬಾರದು. ಗಂಡಸು ಹೊಡೆದರೆ ದುಡಿದು ದಣಿದಿದ್ದಾನೆ ಅಂತಾರೆ, ಹೆಂಗಸು ಹೊಡೆದರೆ ಕೇರಿಯೇ ನಗುತ್ತದೆ. ಐವತ್ತು ದಾಟಿದ ಮೇಲೆ ಮೈ ಬಂತು, ಕೊರಳು ದಪ್ಪಾಯಿತು, ಗೊರಕೆಯೂ ಬಂತು, ಇವರು ಹಾಸಿಗೆ ಎತ್ತಿಕೊಂಡು ಕಟ್ಟೆಗೆ ಹೋದರು, ನಾಯಿಗಳು ಬೊಗಳುವುದು ಬಿಟ್ಟು ಕೇಳ್ತಾವ ನಿನ್ನ ಅಂತಿದ್ದರು, ಆಮೇಲೆ ಆಡಿಕೊಳ್ಳುವುದನ್ನು ಬಿಟ್ಟರು, ಯಾಕೆಂದರೆ ಗೊರಕೆ ನಡುವೆ ನಿಲ್ಲುತ್ತದೆ, ನಿಂತೇ ಬಿಡುತ್ತದೆ, ಎದೆ ಏಳುತ್ತದೆ ಇಳಿಯುತ್ತದೆ, ಗಾಳಿ ಮಾತ್ರ ಇಲ್ಲ, ಅದನ್ನು ಅವರು ಒಂದು ದಿನ ಬಗ್ಗಿ ನೋಡಿದ್ದರು. ನನಗೆ ಗೊತ್ತಿದ್ದದ್ದು ಹಗಲು ಮಾತ್ರ. ಹಗಲೆಂದರೆ ಒಂದು ದಪ್ಪ ಕಂಬಳಿ. ರೊಟ್ಟಿ ಬಡಿಯುತ್ತ ತೂಕಡಿಸಿ ಮೊಣಕೈ ಹಂಚಿಗೆ ತಾಗಿತು, ಕಲೆ ಇನ್ನೂ ಇದೆ. ದೆವ್ವ ಎದೆ ಮೇಲೆ ಕೂಡ್ರತೈತಿ ಅಂದರು, ತಾಯತ ಕಟ್ಟಿದರು. ಪೇಟೆಯ ಒಬ್ಬ ಡಾಕ್ಟರ್, ನಿದ್ದಿ ಸಾಲವಲ್ದು ನಿಮಗ ಅಂತ ನಿದ್ದೆಗುಳಿಗೆ ಕೊಟ್ಟ, ಅದನ್ನು ನುಂಗಿದ ದಿನಗಳು ಇನ್ನೂ ಆಳದ ಬಾವಿ, ಮೇಲೆ ಬರುವಾಗ ತುಟಿ ನೀಲಿ. ಹೆರಿಗೆಗೆ ಕರೆಯುತ್ತಲೇ ಇದ್ದರು, ನಾನು ಹೋಗುತ್ತಲೇ ಇದ್ದೆ. ಸೂಲಗಿತ್ತಿಯನ್ನು ಕೂಸು ಕರೆಯುತ್ತದೆ, ಇಲ್ಲ ಅನ್ನಬಾರದು ಅಂತ ನನ್ನ ಅವ್ವ ಹೇಳಿಕೊಟ್ಟಿದ್ದಳು. ತೂಕಡಿಕೆ ಬಂದರೆ ಏನು ಮಾಡಬೇಕು ಅಂತ ಅವ್ವ ಹೇಳಿಕೊಟ್ಟಿರಲಿಲ್ಲ.

ಪಾದ ಬಾತ ಮೇಲೆ ಹುಬ್ಬಳ್ಳಿಗೆ ಹೋದದ್ದು. ಅಲ್ಲಿಯ ಡಾಕ್ಟರ್ ಚಿಕ್ಕ ವಯಸ್ಸಿನವನು, ನನ್ನ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತ, ಮಧ್ಯಾಹ್ನ ನಾನು ಮಲಗಿದ್ದನ್ನು ಗಡಿಯಾರ ಹಿಡಿದು ನೋಡಿದ, ಎಬ್ಬಿಸಿ ಹೇಳಿದ, ಅಜ್ಜೀ, ನಿಮಗ ದೆವ್ವಿಲ್ಲ ಏನಿಲ್ಲ, ಮಲಗಿದಾಗ ನಾಲಿಗಿ ಹಿಂದಕ್ಕ ಬಿದ್ದು ಗಂಟಲ ಮುಚ್ಚಕೊಳ್ತೈತಿ, ಉಸರ ಕಟ್ಟಿದ ಕೂಡ್ಲೆ ಮಿದುಳು ಗಾಬರಿ ಆಗಿ ನಿಮ್ಮನ್ನ ಅರ್ಧ ಎಬ್ಬಸ್ತೈತಿ, ಒಂದೊಂದು ಗಳಗಿ ಕಣ್ಣೂ ತಗೀತೀರಿ, ಮತ್ತ ಮಲಗ್ತೀರಿ, ನಿಮಗ ನೆನಪಿರೂದಿಲ್ಲ, ಹಿಂಗಾಗಿ ನೀವು ವರ್ಷಗಟ್ಟಲೆ ನಿದ್ದೀನs ಮಾಡಿಲ್ಲ. ಗುಳಿಗೆಗಳನ್ನು ಕಿಟಕಿಯಾಚೆ ಎಸೆಯಿರಿ ಅಂದ. ಅರ್ಧ ರೊಟ್ಟಿ ಬಿಡಿ ಅಂದ, ಮಗ್ಗುಲಾಗಿ ಮಲಗಿ ಅಂದ, ಇವರು ಕುಪ್ಪಸದ ಬೆನ್ನಿಗೆ ತೆಂಗಿನ ಚಿಪ್ಪು ಇಟ್ಟು ಹೊಲಿದರು, ಅಂಗಾತ ಹೊರಳಿದರೆ ಒತ್ತಲಿ ಅಂತ, ಒತ್ತಿತು, ಒತ್ತಿಸಿಕೊಂಡೇ ಮಲಗಿದೆ. ಮೂರು ತಿಂಗಳಿಗೆ ಮತ್ತೆ ಹೋದಾಗ ಡಾಕ್ಟರ್ ಕಾಲಿನ ಬಾವನ್ನು ಬೆರಳಿಂದ ಒತ್ತಿದ, ಗುಳಿ ಬಿದ್ದದ್ದು ಏಳಲಿಲ್ಲ. ಹೃದಯ ಸೋಲಾಕತ್ತೈತಿ ಅಜ್ಜಿ, ಇದಕ್ಕ ಔಷಧ ಇಲ್ಲ, ಮುಚ್ಚಕೊಳ್ಳೂ ಜಾಗದ ಕೆಳಗ ಕೊರಳಿಗೆ ಒಂದು ತೂತು ಮಾಡೂದು, ಅಷ್ಟs ಉಳದದ್ದು. ಇವರು ಅತ್ತರು. ನಾನು ಹೂಂ ಅಂದೆ. ಮೈ ಮರೆಸದೆ ಕೊಯ್ದರು, ಮರೆಸಿದರೆ ಎಬ್ಬಿಸುವುದು ಕಷ್ಟ ಅಂತ, ಕೊರಳಿಗಷ್ಟೇ ಸೂಜಿ, ತಲೆ ಹಿಂದಕ್ಕೆ ಚೆಲ್ಲಿ ಮಲಗಿಸಿ, ಮಲಗಬ್ಯಾಡ್ರಿ ಅಜ್ಜಿ, ಮಾತಾಡಸ್ತೇನಿ ನಿಮ್ಮನ್ನ, ಎಷ್ಟು ಹೆರಿಗಿ ಮಾಡೀರಿ ಹೇಳ್ರಿ. ಲೆಕ್ಕ ಇಟ್ಟಿಲ್ಲಪ್ಪಾ, ಎಲ್ಲಾ — ಎನ್ನುವಷ್ಟರಲ್ಲಿ ಮಾತು ಅಲ್ಲಿಗೇ ಕಡಿಯಿತು, ಕೆಳಗಿನಿಂದ ಗಾಳಿ ಭರ್ ಅಂತ ಹೊಕ್ಕಿತು, ಬಾಯಿ ಆಡುತ್ತಿತ್ತು, ದನಿ ಇರಲಿಲ್ಲ. ಎಲ್ಲಾ ಚೆಂದ ಆಗ್ಯಾವ ಅನ್ನಲಿದ್ದೆ. ಅನ್ನಲಿಕ್ಕೆ ಆಗಲಿಲ್ಲ.

ಆ ದಿನದ ನಿದ್ದೆ. ಸಪ್ಪಳವಿಲ್ಲದ, ತಳವಿರುವ ನಿದ್ದೆ, ಸಣ್ಣ ಹುಡುಗಿಯಾಗಿದ್ದಾಗ ಹುಲ್ಲಿನ ಬಣವೆಯಲ್ಲಿ ಮಲಗಿದಂಥದ್ದು. ಎದ್ದಾಗ ವಾರ್ಡಿನ ಗೋಡೆಯ ಬಿರುಕುಗಳು ಒಂದೊಂದಾಗಿ ಕಂಡವು. ಮರುದಿನ ಇನ್ನಷ್ಟು. ಕಾಲಿನ ಬಾವು ಇಳಿಯಿತು, ಹೆಸರುಗಳು ಮರಳಿದವು, ಯಾರ ಮನೆಯಲ್ಲಿ ಯಾವ ಕೂಸು ಯಾವ ಮಗ್ಗುಲಾಗಿ ಬಂತು ಎಲ್ಲ, ಒಗೆದು ಹಿಂಡಿದ ಅರಿವೆಯ ಹಾಗೆ ತಲೆ. ಮಾತಾಡಬೇಕಾದರೆ ಕಿಂಡಿಯನ್ನು ಬೆರಳಿಂದ ಮುಚ್ಚಬೇಕು, ಬೆರಳು ಜಾರಿದರೆ ಶಬ್ದವೂ ಜಾರುತ್ತದೆ, ಒಳನಳಿಗೆಯನ್ನು ದಿನಕ್ಕೆರಡು ಸಲ ಕಾಯಿಸಿದ ನೀರಲ್ಲಿ ತೊಳೆಯಬೇಕು, ಗಾಯ ಆರಿದ ಮೇಲೆ ಹಗಲು ಬೂಚು ಹಾಕಬಹುದು, ಮಲಗುವಾಗ ತೆಗೆಯಲೇಬೇಕು, ಮರತ್ರ ಮುಗೀತ ನೋಡ್ರಿ ಅಂತ ನರ್ಸಬಾಯಿ ಇವರಿಗೆ ಹೇಳಿಕೊಟ್ಟಳು. ಎಲ್ಲ ಕಲಿತೆ. ಒಂಬತ್ತನೆಯ ದಿನ ಸ್ಟೀಲಿನ ಲೋಟದಲ್ಲಿ ಗಂಜಿ ಕುಡಿಯುತ್ತಿದ್ದೆ, ಕಿಟಕಿಯಲ್ಲಿ ಬಿಸಿಲು, ಯಾರೋ ಬಾಣಂತಿ ಬಳೆ ಸಪ್ಪಳ ಮಾಡುತ್ತ ಹಾದುಹೋದಳು, ಆಗ ಬಂತು. ಕರೆಯದೆ ಬಂತು. ಒಂದು ಕೈ.

ಹಸಿರು ಬಳೆ ತುಂಬಿದ ಕೈ, ಬೆರಳು ಬಿಚ್ಚಿ ನನ್ನ ಕಡೆ ಚಾಚಿದ್ದು. ಇಷ್ಟು ದಿನ ಅದು ಇರಲಿಲ್ಲ. ಇಷ್ಟು ದಿನ ಇದ್ದದ್ದು ಇಷ್ಟೇ — ಎರಡು ವರ್ಷದ ಹಿಂದೆ ಸುಗ್ಗಿಯ ಕಾಲ, ಯಲ್ಲಪ್ಪನ ಮನೆ, ನಡುಮಧ್ಯಾಹ್ನ, ಗಿರಿಜಾಬಾಯಿಗೆ ಮೊದಲ ಬೇನೆ, ಅವಳ ಅತ್ತೆ ಸತ್ತೆವ್ವ ನೀರು ಕಾಯಿಸಲು ಹಿತ್ತಲಿಗೆ ಹೋಗಿದ್ದಳು, ಸೌದೆ ಹಸಿ ಇತ್ತು, ತಡವಾಯಿತು, ನಾನು ಗೋಡೆಗೆ ಒರಗಿ ಕಣ್ಣು ಮುಚ್ಚಿ ತೆರೆದೆ, ಅಷ್ಟೇ, ಒಂದು ರೆಪ್ಪೆ, ತೆರೆದಾಗ ಕೂಸು ಚಾಪೆಯ ಮೇಲಿತ್ತು, ಹೊಕ್ಕುಳಬಳ್ಳಿ ಕೊರಳಿಗೆ ಎರಡು ಸುತ್ತು, ಗಿರಿಜಾ ಪ್ರಜ್ಞೆಯಿಲ್ಲದೆ ಬಿದ್ದಿದ್ದಳು. ಬಳ್ಳಿ ಬಿಡಿಸಿದೆ, ಬಾಯಲ್ಲಿ ಬೆರಳು ಹಾಕಿ ಲೋಳೆ ತೆಗೆದೆ, ಬೆನ್ನು ತಟ್ಟಿದೆ, ಊದಿದೆ. ಮೈ ಬೆಚ್ಚಗಿತ್ತು. ತುಟಿ ಒಮ್ಮೆ ಆಡಿತು. ಒಮ್ಮೆಯೇ. ಸತ್ತೆವ್ವ ಹಂಡೆ ಹೊತ್ತು ಒಳಗೆ ಬಂದಾಗ ನನ್ನ ಬಾಯಿ ತಾನೇ ಹೇಳಿತು, ಹೊಟ್ಟ್ಯಾಗs ಹೋಗಿತ್ತವ್ವಾ, ಏನ ಮಾಡೂದು. ಹಾಗೆಂದ ಮೇಲೆ ಅದೇ ನಿಜವಾಯಿತು, ತಾಯಿಯ ಜೀವ ಉಳಿಸಿದಿ ಅಂತ ಮನೆಗೆ ಸೀರೆ ಬಂತು, ಟ್ರಂಕಿನಲ್ಲಿಟ್ಟೆ, ಉಡಲಿಲ್ಲ. ಗ್ರಹಣದಾಗ ಹೊರಗ ತಿರಗ್ಯಾಡಿದ್ಳು, ಅದಕs ಕೂಸು ಒಳಗs ಸತ್ತಿತು ಅಂತ ಸತ್ತೆವ್ವ ಊರಿಗೆಲ್ಲ ಹೇಳಿದಳು. ಅಂದಿನಿಂದ ಗಿರಿಜಾಗೆ ಬೇರೆ ತಾಟು, ಬೇರೆ ಚಾಪೆ. ಇದೂ ಉಳೀಲಿಲ್ಲಂದ್ರ ಮಗಗ ಬ್ಯಾರೆ ಹೆಣ್ಣು ನೋಡತೇನಿ ಅಂದದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ, ಅವರ ಕಟ್ಟೆಯ ಮೇಲೆ ಕೂತು, ಅವರು ಕೊಟ್ಟ ಚಹಾ ಕುಡಿಯುತ್ತ. ಗಿರಿಜಾ ನನ್ನ ಕಾಲು ಮುಟ್ಟಿ ಅಂದಿದ್ದಳು, ನನಗೇನೂ ನೆಪ್ಪಿಲ್ಲ ಆಯಿ, ನಾನ ಪಾಪಿ, ನೀ ಇರಲಿಲ್ಲಂದ್ರ ನಾನೂ ಹೋಗ್ತಿದ್ದೆ.

ಅವಳಿಗೆ ನೆನಪಿಲ್ಲ, ನನಗೂ ಇರಲಿಲ್ಲ, ಹಾಗಾದರೆ ಆಗಿಯೇ ಇರಲಿಲ್ಲ — ಎರಡು ವರ್ಷ ಆ ಕಂಬಳಿಯ ಕೆಳಗೆ ಬದುಕಿದೆ. ಡಾಕ್ಟರ್ ಅದನ್ನು ಕಿತ್ತು ಒಗೆದ. ಒಂದೊಂದು ಗಳಗಿ ಕಣ್ಣೂ ತಗೀತೀರಿ ಅಂದನಲ್ಲ, ತೆಗೆದಿದ್ದೆ, ಅವತ್ತು ತೆಗೆದಿದ್ದೆ, ಉಸಿರು ಕಟ್ಟಿ ಕಣ್ಣು ಬಿಟ್ಟಾಗ ಗಿರಿಜಾ ಒಂದು ಕೈಯಲ್ಲಿ ಕಂಬ ಹಿಡಿದಿದ್ದಳು, ಇನ್ನೊಂದು ಕೈ ನನ್ನ ಕಡೆ, ಹಸಿರು ಬಳೆ, ಬಂತು ಆಯೀ, ಬಂತು, ಏಳ ಆಯೀ, ನನ್ನ ಮೊಣಕಾಲಿಗೆ ನಾಲ್ಕು ಬೆರಳ ದೂರದಲ್ಲೇ ನಿಂತ ಕೈ, ನಾನು ನೋಡಿದೆ, ನೋಡಿ ಮತ್ತೆ ಮುಳುಗಿದೆ. ಎರಡು ಸಲ. ಅದು ರೋಗ, ನಿಮ್ಮ ತಪ್ಪಲ್ಲ ಅಂತ ಡಾಕ್ಟರ್ ಅಂದಾನು, ಅನ್ನಲಿ, ನಿದ್ದೆ ರೋಗದ್ದು, ಸುಳ್ಳು ಯಾರದ್ದು? ಸುಳ್ಳು ಹೇಳುವಾಗ ಎಚ್ಚರವಾಗಿದ್ದೆನಲ್ಲ. ಹೇಳದಿದ್ದರೆ ಯಾರಿಗೂ ಗೊತ್ತಾಗದು, ಕೊರಳಿಗೆ ತೂತು ಬಿದ್ದವಳ ಹತ್ತಿರ ಮಾತು ಯಾರು ಬಯಸುತ್ತಾರೆ, ಬೆರಳು ಎತ್ತದಿದ್ದರೆ ಸಾಕು, ಸಾಯುವ ತನಕ ಸಾಕು. ಹೇಳಿದರೆ ಇನ್ನು ಯಾರ ಮನೆಯ ಹೊಸಿಲೂ ಇಲ್ಲ, ಇವರು ಊರಲ್ಲಿ ತಲೆ ಎತ್ತುವುದಿಲ್ಲ. ಮತ್ತೆ ಅವಳು ಹೆರುತ್ತಾಳೆ, ಇವತ್ತೋ ನಾಳೆಯೋ, ಕೂಸಿಗೆ ಸಣ್ಣ ನೆಗಡಿ ಬಂದರೂ ಅವಳ ಪಾಪ ಅಂತ ಎಣಿಸುವವರ ನಡುವೆ. ಕಾಡು ತೆಳುವಾಗುತ್ತಿದೆ. ಕೊಯ್ದ ಗದ್ದೆ, ಭತ್ತದ ಬಣವೆ, ಗಾಡಿಗಳ ಸಾಲು, ಇವರು ತಲೆ ಎತ್ತಿ ಕಣ್ಣುಜ್ಜಿದರು, ಬಂತಲ್ಲ, ನೀ ಮಲಗಲೇ ಇಲ್ಲೇನ? ಇಲ್ಲ ಅಂತ ತಲೆಯಾಡಿಸಿದೆ.

ಸ್ಟ್ಯಾಂಡು, ಧೂಳು, ಸಂತೆಯ ಗದ್ದಲ, ಒಣಮೆಣಸಿನಕಾಯಿಯ ರಾಶಿ ಕೆಂಪಗೆ ಕಾಣುತ್ತದೆ, ಘಾಟು ಇಲ್ಲ. ಹುಣಸೆ ಮರದ ಕೆಳಗೆ ಚಕ್ಕಡಿ, ಯಲ್ಲಪ್ಪ ಎತ್ತಿನ ಹಗ್ಗ ಹಿಡಿದು ನಿಂತಿದ್ದಾನೆ, ಸತ್ತೆವ್ವ ಮೇಲೆ ಹುಲ್ಲಿನ ಮೇಲೆ ಕೂತಿದ್ದಾಳೆ, ಅವಳೂ ಬಂದಿದ್ದಾಳೆ. ಲಾಮಾ ಇಳಿದ. ಮುಂದೆ ನಾನು. ಇವರು ಹಿಂದೆ ಟ್ರಂಕು ಹಿಡಿದು, ಸಾವಕಾಶ, ಪಾವಟಿಗಿ ಎತ್ತರ ಐತಿ. ಕೆಳಗೆ ಗಿರಿಜಾ, ಹೊಟ್ಟೆ ಮುಂದಕ್ಕೆ, ಮುಖದ ತುಂಬ ನಗು, ಬಾ ಆಯಿ, ಎಷ್ಟ ಸೊರಗೀದಿ, ಕೈ ಹಿಡಕೊ — ಕೈ ಚಾಚಿದಳು. ಬಸುರಿಗೆ ಕುಬಸದಲ್ಲಿ ತೊಡಿಸಿದ ಹಸಿರು ಬಳೆ, ಬೆರಳು ಬಿಚ್ಚಿ, ನನ್ನ ಕಡೆ. ಹಿಡಿಯಬೇಕಾದ ನನ್ನ ಕೈ ಕೊರಳಿಗೆ ಹೋಯಿತು. ಒದ್ದೆ ಅರಿವೆ ಸರಿಸಿ ಬೆರಳೊತ್ತಿದೆ. ಗಿರಿಜಾ, ಅಂದೆ, ದನಿ ನನ್ನದಲ್ಲ, ಒಡಕು ಮಡಕೆಯದು, ಸಂತೆಯ ಗದ್ದಲದ ಮೇಲೂ ಕೇಳಿಸಿತು, ಗಿರಿಜಾ, ಆ ಕೂಸು ಹೊಟ್ಟ್ಯಾಗ ಸತ್ತಿರಲಿಲ್ಲ. ಜೀವ ಇತ್ತು. ನೀ ಕರದಿ, ನಾ ಮಲ — ಬೆರಳು ಜಾರಿತು, ಗಾಳಿ ಸುಯ್ ಅಂತ ಹೊರಬಿತ್ತು, ಮತ್ತೆ ಒತ್ತಿದೆ — ನಾ ಮಲಗಿದ್ದೆ. ನೀ ಕೈ ಚಾಚಿದ್ದು ಕಂಡೂ ಮಲಗಿದೆ. ಆಮ್ಯಾಲ ಸುಳ್ಳ ಹೇಳಿದೆ. ನಿಂದೇನೂ ತಪ್ಪಿಲ್ಲ. ಸತ್ತೆವ್ವಾ, ಕೇಳಸ್ತ? ಗ್ರಹಣ ಅಲ್ಲ, ನಾನು. ಚಕ್ಕಡಿಯ ಮೇಲೆ ಸತ್ತೆವ್ವ ಎದ್ದು ನಿಂತಳು, ಏನಂದಿ, ಏನಂದಿ ನೀ, ಎತ್ತು ಬೆದರಿ ಕೊರಳಗಂಟೆ ಅಲುಗಿತು, ಯಲ್ಲಪ್ಪನ ಕೈಯಿಂದ ಹಗ್ಗ ಜಾರಿತು, ನನ್ನ ಹಿಂದೆ ಟ್ರಂಕು ಪಾವಟಿಗೆಗೆ ಬಡಿದು ನಿಂತಿತು, ಕಂಡಕ್ಟರ್ ಇಳೀಬೇ ಯವ್ವಾ ದಾರಿ ಬಿಡ ಅನ್ನುತ್ತಿದ್ದಾನೆ, ಗಿರಿಜಾಳ ಮುಖ ನೋಡಬೇಕು, ನೋಡಲಾಗುತ್ತಿಲ್ಲ, ಕಣ್ಣು ಅಲ್ಲಿಗೆ ಏರುವುದೇ ಇಲ್ಲ, ಕೈ ಮಾತ್ರ ಕಾಣುತ್ತಿದೆ, ಹಿಂದಕ್ಕೆ ಹೋಗುತ್ತಿಲ್ಲ, ಮುಂದಕ್ಕೂ ಬರುತ್ತಿಲ್ಲ, ಬಿಸಿಲಿನಲ್ಲಿ ಬಳೆ, ನಾಲ್ಕು ಬೆರಳ ದೂರದಲ್ಲೇ ನಿಂತ ಕೈ, ಹಸಿರು ಬಳೆಯ ಕೈ, ಆ ಕೈ —